ಸಮ್ಮೋಹನ, ಮಾಟ, ಕೊಲೆ: ಹೆದರಿಕೆ ಎಲ್ಲಿಂದ ಬರುತ್ತೆ?

ಎಲ್ರಿಗೂ ನಮಸ್ಕಾರ. ಹಿಪ್ನಾಟಿಸಂ, ವಶೀಕರಣ, ಮಾಟ ಇರೋ ಕ್ರೈಂ ಥ್ರಿಲ್ಲರ್ ಬಗ್ಗೆ ಮಾತಾಡಿ ಅಂತ ಕರೆದಿದೀರಿ. ನನಗೆ ತುಂಬಾ ಇಷ್ಟವಾದ ಜಾತಿಯ ಕಥೆ ಇದು, ಅದಕ್ಕೇ ಸ್ವಲ್ಪ ಜಗಳ ಆಡೋ ತರಾನೇ ಮಾತಾಡ್ತೀನಿ.

ಈ ಕಥೆಗಳಲ್ಲಿ ಒಂದು ಸೀನ್ ಬಂದೇ ಬರುತ್ತೆ. ಕಪ್ಪು ಬಟ್ಟೆ ಹಾಕಿರೋ ಮಾಂತ್ರಿಕ, ಎದುರಿಗೆ ಒಬ್ಬ ಪಾಪದ ಹುಡುಗ, ಮಾಂತ್ರಿಕ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಾನೆ, ಏನೋ ಗೊಣಗ್ತಾನೆ, ಹುಡುಗ ಎದ್ದು ಹೋಗಿ ಚಾಕು ತಗೊಂಡು ಯಾರನ್ನೋ ಮುಗಿಸಿ ಬರ್ತಾನೆ, ಬೆಳಗ್ಗೆ ಎದ್ರೆ ಅವನಿಗೆ ಏನೂ ನೆನಪಿಲ್ಲ. ಓದೋವಾಗ ಒಂದ್ ಕ್ಷಣ ಮೈ ಜುಂ ಅನ್ನುತ್ತೆ, ಪುಟ ತಿರುಗಿಸಿದ ಮೇಲೆ ಏನೂ ಉಳಿಯಲ್ಲ. ಯಾಕಂದ್ರೆ ಆ ಹುಡುಗನಿಗೆ ಅಲ್ಲಿ ಮನಸ್ಸೇ ಇಲ್ಲ, ಬರೀ ಚಾಕು ಹಿಡಿಯೋಕೆ ಒಂದು ಕೈ ಬೇಕಿತ್ತು, ಬರೆದವರು ಅವನನ್ನ ತಂದು ನಿಲ್ಲಿಸಿದಾರೆ. ನನ್ನ ಪ್ರಕಾರ ಈ ಕಥೆಗಳ ನಿಜವಾದ ಹೆದರಿಕೆ ಇರೋದು, ಒಬ್ಬ ಮನುಷ್ಯ ತನ್ನ ಬುದ್ಧೀನ ಇನ್ನೊಬ್ಬರ ಕೈಗೆ ದಿನಕ್ಕೆ ಒಂಚೂರು ಒಂಚೂರಾಗಿ ಕೊಡ್ತಾ ಹೋಗ್ತಾನಲ್ಲ, ಅಲ್ಲಿ. ಇದನ್ನ ನಾನು ಸುಮ್ನೆ ಹೇಳ್ತಿಲ್ಲ, ಕೋರ್ಟು ಕಟ್ಟೆ ಹತ್ತಿದ ಕೇಸುಗಳನ್ನೇ ಇಟ್ಕೊಂಡು ಹೇಳ್ತೀನಿ.

1951ರ ಮಾರ್ಚ್ 29, ಡೆನ್ಮಾರ್ಕ್‌ನ ಕೋಪನ್‌ಹೇಗನ್. ನೊರೆಬ್ರೊಗಾಡೆ ಅನ್ನೋ ರಸ್ತೇಲಿ ಒಂದು ಬ್ಯಾಂಕ್ ಬ್ರಾಂಚು. ಪಾಲೆ ಹಾರ್ಡ್ರುಪ್ ಅನ್ನೋ ಯುವಕ ಪಿಸ್ತೂಲ್ ಹಿಡ್ಕೊಂಡು ಒಳಗೆ ಬಂದ, ದುಡ್ಡು ಕೇಳ್ದ, ಬ್ಯಾಂಕಿನ ಇಬ್ಬರನ್ನ ಗುಂಡಿಟ್ಟು ಕೊಂದ, ಸೈಕಲ್ ಹತ್ತಿ ಓಡಿದ, ಅವತ್ತೇ ಸಿಕ್ಕಿಬಿದ್ದ. ಪೊಲೀಸರಿಗೆ ಮೊದಲು ಇದು ಮಾಮೂಲಿ ದರೋಡೆ ಕೇಸ್ ಅನ್ನಿಸಿರಬೇಕು. ಕೆದಕ್ತಾ ಹೋದಾಗ ಇನ್ನೊಬ್ಬನ ಹೆಸರು ಹೊರಗೆ ಬಂತು, ಬ್ಯೋರ್ನ್ ಶೌ ನೀಲ್ಸನ್. ಕೊಲೆ ನಡೆದಾಗ ಈ ನೀಲ್ಸನ್ ಆ ಬ್ಯಾಂಕಿನ ಒಳಗೇ ಇರಲಿಲ್ಲ.

ಇವರಿಬ್ಬರ ಪರಿಚಯ ಆಗಿದ್ದು ಹಾರ್ಸೆನ್ಸ್ ಅನ್ನೋ ಊರಿನ ಜೈಲಲ್ಲಿ, 1947ರ ಹೊತ್ತಿಗೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಪರ ಕೆಲಸ ಮಾಡಿದ್ದಕ್ಕೆ ಇಬ್ರೂ ಒಳಗಿದ್ರು. ಹಾರ್ಡ್ರುಪ್ ಆಗ ಪೂರ್ತಿ ಕುಸಿದು ಹೋಗಿದ್ದ ಹುಡುಗ, ನಂಬಿದ್ದೆಲ್ಲ ಸುಳ್ಳಾಗಿ ದೇಶದ್ರೋಹಿ ಅನ್ನಿಸಿಕೊಂಡು ಜೈಲು ಸೇರಿದಾನೆ, ದೇವರನ್ನ ಹುಡುಕ್ತಾ ಇದಾನೆ. ನೀಲ್ಸನ್ ವಯಸ್ಸಲ್ಲಿ ದೊಡ್ಡವನು, ಮಾತು ಬಲ್ಲವನು, ಯೋಗ, ಧ್ಯಾನ, ಹಿಪ್ನಾಟಿಸಂ, ಆತ್ಮಗಳ ವಿಚಾರ ಎಲ್ಲ ತನಗೆ ಗೊತ್ತು ಅಂತಿದ್ದವನು. ಜೈಲಲ್ಲಿ ಟೈಮ್‌ಗೆ ಬರ ಇಲ್ಲ ನೋಡಿ. ಮಾತು ಶುರುವಾಯ್ತು, ಮಾತಾದ ಮೇಲೆ ಧ್ಯಾನ, ಧ್ಯಾನ ಆದ ಮೇಲೆ ಸಮ್ಮೋಹನ, ಆಮೇಲೆ ಹಾರ್ಡ್ರುಪ್‌ಗೆ ಒಂದು ರಕ್ಷಕ ಆತ್ಮದ ದನಿ ಕೇಳಿಸೋಕೆ ಶುರುವಾಯ್ತು. ಆ ಆತ್ಮ ಏನು ಹೇಳಿದ್ರೂ ಮಾಡಬೇಕು. ಆತ್ಮದ ಮಾತು ಬರೋದು ನೀಲ್ಸನ್ ಮೂಲಕ. ಎಕ್ಸ್ ಅನ್ನೋ ಅಕ್ಷರ ಆ ಆತ್ಮದ ಗುರುತಾಗಿತ್ತು ಅನ್ನೋದೂ ವಿಚಾರಣೆಯಲ್ಲಿ ಬಂತು.

ಇಲ್ಲಿ ಬರೆಯೋರು ಗಮನಿಸಬೇಕಾದ್ದು, ಮೊದಲನೇ ದಿನಾನೇ ಯಾರೂ ಅವನಿಗೆ ಹೋಗಿ ಕೊಲೆ ಮಾಡು ಅಂತ ಹೇಳಲಿಲ್ಲ. ಜೈಲಿಂದ ಹೊರಗೆ ಬಂದ ಮೇಲೂ ನಂಟು ಬಿಡಲಿಲ್ಲ. 1950ರ ಆಗಸ್ಟಲ್ಲಿ ಹ್ವಿಡೊವ್ರೆ ಅನ್ನೋ ಕಡೆ ಹಾರ್ಡ್ರುಪ್ ಒಂದು ಬ್ಯಾಂಕ್ ದರೋಡೆ ಮಾಡ್ದ, ಯಾರೂ ಸಾಯಲಿಲ್ಲ, ಸಿಕ್ಕಿನೂ ಬೀಳಲಿಲ್ಲ, ದುಡ್ಡು ನೀಲ್ಸನ್ ಕೈ ಸೇರಿತು. ಅದಾದ ಮೇಲೆ ಬಂದಿದ್ದು 1951. ಈ ನಾಲ್ಕು ವರ್ಷಾನೇ ಕಥೆ, ಗುಂಡಿನ ಸದ್ದು ಅದರ ಕೊನೇ ಪುಟ ಅಷ್ಟೇ.

ಪೌಲ್ ರೈಟರ್ ಅನ್ನೋ ಮನೋವೈದ್ಯರು ಹಾರ್ಡ್ರುಪ್‌ನ ತಿಂಗಳುಗಟ್ಲೆ ಪರೀಕ್ಷೆ ಮಾಡಿದ್ರು, ಅವರೇ ಅವನನ್ನ ಹಿಪ್ನಟೈಸ್ ಮಾಡಿ ಒಳಗಿದ್ದಿದ್ದನ್ನ ಹೊರಗೆ ತೆಗೆಯೋ ಪ್ರಯತ್ನ ಮಾಡಿದ್ರು. 1954ರಲ್ಲಿ ತೀರ್ಪು ಬಂತು, ಗುಂಡು ಹಾರಿಸಿದವನು ಮಾನಸಿಕ ಚಿಕಿತ್ಸೆಯ ಬಂಧನಕ್ಕೆ ಹೋದ, ಗುಂಡು ಹಾರಿಸದೇ ಇದ್ದ ನೀಲ್ಸನ್‌ಗೆ ಜೀವಾವಧಿ. ಅವನು ಸುಮ್ನೆ ಕೂರಲಿಲ್ಲ, ಯೂರೋಪಿನ ಮಾನವ ಹಕ್ಕು ಆಯೋಗದ ತನಕ ಹೋದ, 1961ರಲ್ಲಿ ಅವರೂ ವಿಚಾರಣೆ ಸರಿಯಾಗೇ ನಡೆದಿದೆ ಅಂದ್ರು. ಇದಾಗಿ ವರ್ಷಗಳೇ ಕಳೆದು ಇಬ್ರೂ ಹೊರಗೆ ಬಂದ ಮೇಲೆ, 1972ರಲ್ಲಿ, ಹಾರ್ಡ್ರುಪ್ ಪತ್ರಿಕೆಯೊಂದಕ್ಕೆ ಹೇಳ್ದ, ಆ ಹಿಪ್ನಾಟಿಸಂ ಕಥೆ ನಿಜ ಅಲ್ಲ ಅಂತ.

ಈಗ ಯೋಚ್ನೆ ಮಾಡಿ. ಅವನು 1954ರಲ್ಲಿ ಸುಳ್ಳು ಹೇಳಿದ್ದಾ, 1972ರಲ್ಲಿ ಹೇಳಿದ್ದಾ? ವರ್ಷಗಟ್ಲೆ ಇನ್ನೊಬ್ಬನ ದನೀನ ದೇವರ ದನಿ ಅಂತ ಕೇಳಿಸಿಕೊಂಡವನಿಗೆ ತನ್ನದು ಯಾವುದು ಅವನದು ಯಾವುದು ಅನ್ನೋದು ಗೊತ್ತಾಗುತ್ತಾ? ಒಬ್ಬ ಥ್ರಿಲ್ಲರ್ ಲೇಖಕ ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೆಲ್ಲಿ ಹುಡುಕಬೇಕು, ನನಗಂತೂ ಗೊತ್ತಿಲ್ಲ.

ಇದಕ್ಕೂ ಅರವತ್ತು ವರ್ಷ ಹಿಂದೆ ಪ್ಯಾರಿಸ್‌ನಲ್ಲಿ ಇದೇ ವಾದ ಕೋರ್ಟಲ್ಲಿ ಸೋತಿತ್ತು. 1889ರ ಜುಲೈನಲ್ಲಿ ಗುಫೆ ಅನ್ನೋ ಕೋರ್ಟ್ ಅಮೀನ ಕಾಣೆಯಾದ. ಗೇಬ್ರಿಯೆಲ್ ಬೊಂಪಾರ್ ಅನ್ನೋ ಯುವತಿ ಅವನನ್ನ ಮನೆಗೆ ಕರೆದು, ಸರಸ ಆಡೋ ತರ ತನ್ನ ಗೌನಿನ ರೇಷ್ಮೆ ಪಟ್ಟೀನ ಅವನ ಕುತ್ತಿಗೆಗೆ ಸುತ್ತಿದಳು, ಪರದೆ ಹಿಂದೆ ಅಡಗಿದ್ದ ಅವಳ ಜೊತೆಗಾರ ಮಿಶೆಲ್ ಎರೋ ಆ ಪಟ್ಟೀನ ರಾಟೆಗೆ ಸಿಕ್ಕಿಸಿದ್ದ ಹಗ್ಗಕ್ಕೆ ಜೋಡಿಸಿ ಎಳೆದ. ಹೆಣಾನ ಟ್ರಂಕಲ್ಲಿ ತುಂಬಿ ಲಿಯೋನ್ ಕಡೆ ತಗೊಂಡು ಹೋಗಿ ಬಿಸಾಕಿದ್ರು. ಕೊಳೆತು ಹೋಗಿದ್ದ ಆ ಹೆಣ ಯಾರದು ಅಂತ ಲಕಸಾಞ್ ಅನ್ನೋ ಪ್ರೊಫೆಸರ್ ಮೂಳೆ, ಕೂದಲು ನೋಡಿ ಕಂಡುಹಿಡಿದಿದ್ದು ಫೊರೆನ್ಸಿಕ್ ಇತಿಹಾಸದಲ್ಲೇ ದೊಡ್ಡ ಅಧ್ಯಾಯ, ಅದಕ್ಕೆ ಬೇರೆ ಉಪನ್ಯಾಸಾನೇ ಬೇಕು. ನಮಗೆ ಬೇಕಾಗಿರೋದು 1890ರ ಡಿಸೆಂಬರಿನ ವಿಚಾರಣೆ. ಬೊಂಪಾರ್ ಪರ ವಾದ ಏನಂದ್ರೆ ಎರೋ ಅವಳನ್ನ ಸಮ್ಮೋಹನದಲ್ಲಿ ಇಟ್ಟಿದ್ದ, ಅವಳು ಮಾಡಿದ್ದೆಲ್ಲ ಅವನ ಇಚ್ಛೆ ಅಂತ. ನಾನ್ಸಿ ಊರಿನ ಲಾ ಪ್ರೊಫೆಸರ್ ಲಿಯೆಜ್ವಾ ಕೋರ್ಟಿಗೆ ಬಂದು ಗಂಟೆಗಟ್ಲೆ ಈ ವಾದ ಮಂಡಿಸಿದ್ರು, ಸರಿಯಾದ ಸೂಚನೆ ಕೊಟ್ರೆ ಸಾಮಾನ್ಯ ಮನುಷ್ಯನ ಕೈಲೂ ಅಪರಾಧ ಮಾಡಿಸಬಹುದು ಅನ್ನೋದು ನಾನ್ಸಿಯ ಸಮ್ಮೋಹನ ಪಂಥದವರ ನಂಬಿಕೆ. ಪ್ಯಾರಿಸ್‌ನಲ್ಲಿ ಶಾರ್ಕೋ ಅನ್ನೋ ದೊಡ್ಡ ನರರೋಗ ವೈದ್ಯರ ಕಡೆಯವರು ಇದನ್ನ ಒಪ್ಪಲೇ ಇಲ್ಲ. ಕೋರ್ಟೂ ಒಪ್ಪಲಿಲ್ಲ. ಎರೋಗೆ 1891ರ ಫೆಬ್ರವರಿಯಲ್ಲಿ ಗಿಲೊಟಿನ್ ಅನ್ನೋ ಯಂತ್ರದಲ್ಲಿ ತಲೆ ಕಡಿದ್ರು, ಅವಳಿಗೆ 20 ವರ್ಷ ಶಿಕ್ಷೆ.

ಶಾರ್ಕೋ ಅವರ ಸಾಲ್‌ಪೆಟ್ರಿಯೇರ್ ಆಸ್ಪತ್ರೆಯ ಒಂದು ಪ್ರಸಂಗ ಇದೆ, ಈ ವಿಷಯ ಓದಿದವರೆಲ್ಲ ಹೇಳೋದು. ಒಬ್ಬ ರೋಗಿ ಹೆಣ್ಣುಮಗಳನ್ನ ಸಮ್ಮೋಹನಕ್ಕೆ ಒಳಪಡಿಸಿ ಕೈಗೆ ಸುಳ್ಳು ಕತ್ತಿ, ಸುಳ್ಳು ವಿಷ ಕೊಟ್ರು, ಇವನನ್ನ ಚುಚ್ಚು ಅಂದ್ರೆ ಚುಚ್ಚಿದಳು, ಇವನಿಗೆ ವಿಷ ಹಾಕು ಅಂದ್ರೆ ಹಾಕಿದಳು, ನೋಡೋಕೆ ಬಂದ ದೊಡ್ಡ ಮನುಷ್ಯರೆಲ್ಲ ದಂಗಾದ್ರು. ಅವರು ಹೋದ ಮೇಲೆ ಉಳಿದ ವಿದ್ಯಾರ್ಥಿಗಳು ಈಗ ನೀನು ಒಬ್ಬಳೇ ಇದೀಯ, ಬಟ್ಟೆ ತೆಗೆದು ಸ್ನಾನ ಮಾಡು ಅಂದ್ರು. ಕೊಲೆಗೆ ಹಿಂಜರಿಯದೇ ಇದ್ದವಳು ಅದನ್ನ ಮಾತ್ರ ಮಾಡಲಿಲ್ಲ. ಅಂದ್ರೆ ಯಾವುದು ಆಟ, ಯಾವುದು ನಿಜ ಅನ್ನೋದು ಅವಳಿಗೆ ಒಳಗೆಲ್ಲೋ ಗೊತ್ತಿತ್ತು. ಆ ವಿದ್ಯಾರ್ಥಿಗಳು ಮಾಡಿದ್ದು ನೀಚ ಕೆಲಸ, ಅದನ್ನೂ ಹೇಳಲೇಬೇಕು. ಇದೇ ಶಾರ್ಕೋ ಶಿಷ್ಯ ಜಿಲ್ ದ ಲಾ ಟುರೆಟ್, ಸಮ್ಮೋಹನದಿಂದ ನಿಜವಾದ ಕೊಲೆ ಮಾಡಿಸೋಕೆ ಆಗಲ್ಲ ಅಂತ ವಾದ ಮಾಡ್ತಿದ್ದ ಡಾಕ್ಟರ್, ಅವರ ಮನೆಗೆ 1893ರ ಡಿಸೆಂಬರಲ್ಲಿ ಒಬ್ಬ ಮಾಜಿ ರೋಗಿ ಬಂದು, ನನ್ನ ಇಷ್ಟಕ್ಕೆ ವಿರುದ್ಧವಾಗಿ ನನ್ನನ್ನ ಹಿಪ್ನಟೈಸ್ ಮಾಡಿ ಹಾಳು ಮಾಡಿದ್ರಿ ಅಂತ ತಲೆಗೆ ಗುಂಡು ಹಾರಿಸಿದಳು. ಅವರು ಬದುಕಿದ್ರು. ಅವಳ ತಲೆಯಲ್ಲಿದ್ದ ಆ ನಂಬಿಕೆ ಮಾತ್ರ ಯಾವ ಹಿಪ್ನಾಟಿಸ್ಟ್‌ಗೂ ಕಮ್ಮಿ ಇಲ್ಲದ ಕೆಲಸ ಮಾಡ್ತು.

ಪ್ರಯೋಗದ ವಿಷಯ ಬಂತಲ್ಲ, ಇನ್ನೊಂದು ಹೇಳಿ ಮುಂದೆ ಹೋಗ್ತೀನಿ. 1965ರಲ್ಲಿ ಅಮೆರಿಕದ ಮಾರ್ಟಿನ್ ಆರ್ನ್, ಫ್ರೆಡರಿಕ್ ಇವಾನ್ಸ್ ಅನ್ನೋರು ಸಮ್ಮೋಹನದಲ್ಲಿದ್ದವರಿಗೆ ವಿಷದ ಹಾವು ಹಿಡೀರಿ, ಆಸಿಡ್‌ಗೆ ಕೈ ಹಾಕಿ, ಆ ಆಸಿಡ್‌ನ ಎದುರಿಗಿರೋನ ಮುಖಕ್ಕೆ ಎರಚಿ ಅಂದ್ರು, ಯಾರಿಗೂ ಏನೂ ಆಗದ ಹಾಗೆ ಒಳಗೆ ವ್ಯವಸ್ಥೆ ಇತ್ತು ಅನ್ನಿ. 6 ಜನರಲ್ಲಿ 5 ಜನ ಮಾಡಿದ್ರು. ಆದ್ರೆ ಹಿಪ್ನಟೈಸ್ ಆದ ಹಾಗೆ ನಟಿಸಿ ಅಂತ ಹೇಳಿದ್ದ ಇನ್ನೊಂದು ಗುಂಪಲ್ಲಿ 6ಕ್ಕೆ 6 ಜನಾನೂ ಮಾಡಿದ್ರು! ಅಂದ್ರೆ ಕೆಲಸ ಮಾಡಿಸಿದ್ದು ಸಮ್ಮೋಹನದ ಮಂಪರು ಅಂತ ಹೇಳೋಕಾಗಲ್ಲ. ಇವರು ಪ್ರಯೋಗ ಮಾಡೋ ದೊಡ್ಡವರು, ನಮಗೆ ಕೆಟ್ಟದಾಗೋಕೆ ಬಿಡಲ್ಲ ಅನ್ನೋ ಭರವಸೆ ಸಾಕಾಗಿತ್ತು. ನೀಲ್ಸನ್ ವರ್ಷಗಟ್ಲೆ ಬೆಳೆಸಿದ್ದೂ ಇದೇ ಭರವಸೇನ.

ನಮ್ಮ ದೇಶದ್ದೂ ಒಂದು ಕೇಸ್ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. 1845, ಬಂಗಾಳದ ಹೂಗ್ಲಿ. ಜೇಮ್ಸ್ ಎಸ್ಡೇಲ್ ಅನ್ನೋ ಸ್ಕಾಟ್‌ಲೆಂಡಿನ ಡಾಕ್ಟರ್ ಆಗ ಅಲ್ಲಿ ಅರಿವಳಿಕೆ ಇಲ್ಲದೆ ಮೆಸ್ಮೆರಿಸಂನಿಂದ, ಅಂದ್ರೆ ಹಿಪ್ನಾಟಿಸಂನ ಹಳೇ ರೂಪದಿಂದ, ದೊಡ್ಡ ದೊಡ್ಡ ಗಡ್ಡೆ ತೆಗೆಯೋ ಆಪರೇಷನ್ ಮಾಡ್ತಿದ್ದ, ಮರುವರ್ಷ ಕಲ್ಕತ್ತಾದಲ್ಲಿ ಅದಕ್ಕಂತಾನೇ ಒಂದು ಆಸ್ಪತ್ರೆ ಕೊಟ್ಟರು. ಆ ಹೊತ್ತಲ್ಲಿ ಒಬ್ಬ ಕ್ಷೌರಿಕನ ಮೇಲೆ ಹುಡುಗನ್ನ ಕದ್ದ ಆರೋಪ ಬಂತು. ಹುಡುಗ ಹೇಳಿದ್ದು ಏನಂದ್ರೆ, ಬೆಳಗ್ಗೆ ಹೊಲದ ಹತ್ರ ಇವನು ಸಿಕ್ಕ, ಮಂತ್ರ ಗೊಣಗಿದ, ಕಣ್ಣಿನ ಮುಂದೆ ಕೈ ಆಡಿಸಿದ, ಆಮೇಲೆ ನನಗೆ ಬುದ್ಧಿ ಇರಲಿಲ್ಲ, ಇವನ ಹಿಂದೆ ಹೋಗಲೇಬೇಕು ಅನ್ನಿಸ್ತಿತ್ತು, ಹೋದೆ. ಇದು ಸಾಧ್ಯನಾ ಅಂತ ತಿಳ್ಕೊಳ್ಳೋಕೆ ಕೋರ್ಟಿಗೆ ಎಸ್ಡೇಲ್‌ನ ಕರೆಸಿದ್ರು, ಅವನು ಕಟಕಟೆಯ ಹತ್ರಾನೇ ಜನರನ್ನ ಮೆಸ್ಮರೈಸ್ ಮಾಡಿ ತೋರಿಸ್ದ. ನ್ಯಾಯಾಧೀಶರು ಕೂತಿರೋ ಕಡೆ, ಹಾಡು ಹಗಲಲ್ಲಿ! ನನಗೆ ಆ ಕೇಸಲ್ಲಿ ಡಾಕ್ಟರ್‌ಗಿಂತ ಆ ಹುಡುಗ ಬೇಕು. ಗೊತ್ತಿಲ್ಲದವನ ಹಿಂದೆ ಯಾಕೆ ಹೋದೆ ಅಂತ ಮನೆಯವರು, ಊರವರು ಕೇಳಿದಾಗ ಒಂದು ಮಗು ಏನು ಉತ್ತರ ಕೊಡೋಕೆ ಸಾಧ್ಯ ಇತ್ತು? ಇವತ್ತಿಗೂ ಬಸ್‌ಸ್ಟ್ಯಾಂಡಲ್ಲಿ ಮಾತಾಡಿಸಿ ಮೈಮೇಲಿನ ಒಡವೆ ತಗೊಂಡು ಹೋದ್ರೆ ಕಳ್ಕೊಂಡ ಅಮ್ಮ ಮನೆಗೆ ಬಂದು ಮಂಕುಬೂದಿ ಎರಚಿಬಿಟ್ರು ಕಣಪ್ಪ ಅಂತಾರೆ. ನಾನೇ ಬಿಚ್ಚಿ ಕೊಟ್ಟೆ ಅಂತ ಸೊಸೆ ಮುಂದೆ ಹೇಳೋದು ಎಷ್ಟು ಕಷ್ಟ ಅನ್ನೋದನ್ನ ಒಬ್ಬ ಲೇಖಕ ಅರ್ಥ ಮಾಡ್ಕೋಬೇಕು, ನಗಬಾರ್ದು.

ಈಗ ನಮ್ಮ ಕಡೆ ಮನೆ ಒಂದನ್ನ ತಗೊಳ್ಳಿ. ಬೆಳಗ್ಗೆ ಬಾಗಿಲು ತೆಗೆದ್ರೆ ಹೊಸ್ತಿಲ ಮುಂದೆ ಕುಂಕುಮ ಹಚ್ಚಿರೋ ನಿಂಬೆಹಣ್ಣು, ಅದಕ್ಕೆ ಚುಚ್ಚಿರೋ ಸೂಜಿ. ಯಾರೂ ಅದನ್ನ ಮುಟ್ಟಲ್ಲ, ಪೊರಕೇಲಿ ದೂರ ತಳ್ತಾರೆ, ಆ ಪೊರಕೇನೂ ಬಿಸಾಕ್ತಾರೆ. ಅವತ್ತಿಂದ ಹಾಲು ಒಡೆದ್ರೆ ಅದೇ, ಮಗೂಗೆ ಜ್ವರ ಬಂದ್ರೆ ಅದೇ, ವ್ಯಾಪಾರ ಬಿದ್ರೆ ಅದೇ. ಬೀದರ್, ಕಲಬುರಗಿ ಕಡೆ ಆದ್ರೆ ಬಾನಾಮತಿ ಅಂತಾರೆ. ಆಮೇಲೆ ಮಾಟ ತೆಗೆಯೋ ಯಾರನ್ನೋ ಕರ್ಕೊಂಡು ಬರ್ತಾರೆ. ಅವನು ಮೊದಲು ಹೇಳೋದು ಬೀದಿಗೆಲ್ಲ ಗೊತ್ತಿರೋ ವಿಷಯ, ಮನೆಯವರು ಹೌದೌದು ಅಂತಾರೆ. ಎರಡನೇ ಸಲ ಒಂದು ಹಳೇ ಬಟ್ಟೆ ಕೇಳ್ತಾನೆ, ಕೊಡ್ತಾರೆ. ಮೂರನೇ ಸಲ ಮನೆ ಹೆಂಗಸಿಗೆ ಅಮಾವಾಸ್ಯೆ ರಾತ್ರಿ ಬನ್ನಿ, ಯಜಮಾನ್ರಿಗೆ ಹೇಳಬೇಡಿ ಅಂತಾನೆ. ಆ ಕೊನೇ ಮಾತು ಇದೆಯಲ್ಲ, ಯಾರಿಗೂ ಹೇಳಬೇಡಿ ಅನ್ನೋದು, ಅಲ್ಲಿಂದ ಆ ಹೆಣ್ಣುಮಗಳು ಒಂಟಿ. ಮನೇಲಿ ಎಲ್ಲರ ಮಧ್ಯೆ ಕೂತು ಊಟ ಮಾಡ್ತಿದ್ರೂ ಒಂಟಿ. ಥ್ರಿಲ್ಲರ್ ಶುರುವಾಗಬೇಕಾಗಿರೋದು ಅಲ್ಲಿಂದ, ಕಣ್ಣು ಕೆಂಪಗೆ ಮಾಡೋ ಮಾಂತ್ರಿಕನಿಂದ ಅಲ್ಲ.

ಕಾನೂನಿನ ಕಡೇನೂ ಸ್ವಲ್ಪ ನೋಡ್ಕೊಂಡು ಬರೀರಿ. ನಮ್ಮ ರಾಜ್ಯದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ದೇವರ ಕೋಪಕ್ಕೆ ಗುರಿಯಾಗ್ತೀಯ ಅಂತ ನಂಬಿಸಿ ಕೆಲಸ ಮಾಡಿಸೋದು ಭಾರತೀಯ ನ್ಯಾಯ ಸಂಹಿತೆಯ 354ನೇ ಸೆಕ್ಷನ್ ಕೆಳಗೆ ಅಪರಾಧ, ಇದು ಹಳೇ ಐಪಿಸಿ 508. ಶಿಕ್ಷೆ ಹೆಚ್ಚಂದ್ರೆ ಒಂದು ವರ್ಷ, ಮನುಷ್ಯನ ಬದುಕನ್ನೇ ಕಿತ್ಕೊಂಡವನಿಗೆ ಒಂದು ವರ್ಷ, ಇದು ತೀರಾ ಕಮ್ಮಿ ಅಂತ ನನ್ನ ಅಭಿಪ್ರಾಯ. ಇನ್ನು ಇನ್ಸ್‌ಪೆಕ್ಟರ್ ಆರೋಪೀನ ಹಿಪ್ನಟೈಸ್ ಮಾಡಿಸಿ ಸತ್ಯ ಕಕ್ಕಿಸೋ ಕ್ಲೈಮ್ಯಾಕ್ಸ್ ದಯವಿಟ್ಟು ಬಿಡಿ. 2010ರಲ್ಲಿ ಸೆಲ್ವಿ ವರ್ಸಸ್ ಕರ್ನಾಟಕ ಸರ್ಕಾರ ಕೇಸಲ್ಲಿ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ಲದೆ ನಾರ್ಕೋ (ಮದ್ದು ಕೊಟ್ಟು ಮಾತಾಡಿಸೋದು), ಬ್ರೈನ್ ಮ್ಯಾಪಿಂಗ್, ಪಾಲಿಗ್ರಾಫ್ (ಸುಳ್ಳು ಪತ್ತೆ ಪರೀಕ್ಷೆ) ಮಾಡೋ ಹಾಗಿಲ್ಲ ಅಂದಿದೆ. ಒಬ್ಬ ಮಾಂತ್ರಿಕ ಕಿತ್ಕೊಂಡಿದ್ದ ಮನಸ್ಸನ್ನ ಪೊಲೀಸರು ಇನ್ನೊಂದ್ ಸಲ ಕಿತ್ಕೊಳ್ಳೋದು ಪರಿಹಾರ ಹೇಗಾಗುತ್ತೆ?

ಹಾಗಂತ ಅತಿಮಾನುಷ ಬೇಡವೇ ಬೇಡ ಅಂತ ನಾನ್ ಹೇಳ್ತಿಲ್ಲ. ಬೇಕು. ಹಾರ್ಡ್ರುಪ್‌ಗೆ ಆ ಆತ್ಮದ ದನಿ ಕೇಳಿಸಿದ್ರೆ ಓದೋನಿಗೂ ಕೇಳಿಸ್ಲಿ, ಅದೆಲ್ಲ ಬರೀ ಭ್ರಮೆ ಅಂತ ಕೊನೇ ಅಧ್ಯಾಯದಲ್ಲಿ ಡಾಕ್ಟರ್ ಬಂದು ಪಾಠ ಮಾಡೋದು ಬೇಡ. ದೆವ್ವ ಇತ್ತಾ ಇಲ್ವಾ ಅನ್ನೋದನ್ನ ಬಿಟ್ಟುಬಿಡಿ, ಅವನು ಮೊದಲನೇ ಸಲ ತಲೆ ಆಡಿಸಿದ್ದು ಯಾವಾಗ, ಆಗ ಅವನಿಗೆ ಏನು ಬೇಕಾಗಿತ್ತು, ಅದನ್ನ ಬಿಡಬೇಡಿ. ಹಾರ್ಡ್ರುಪ್‌ಗೆ ಬೇಕಾಗಿದ್ದು ಕ್ಷಮೆ. ನಿಮ್ಮ ಕಥೆಯ ಹುಡುಗನಿಗೆ ಏನು ಬೇಕು ಅಂತ ನೀವು ಹೇಳಬೇಕು. ಈಗ ಆ ಕಡೆ ಮೈಕ್ ಕೊಡಿ, ಯಾರಾದ್ರೂ ಈ ತರದ್ದು ಬರೀತಾ ಇದ್ರೆ ಕಥೆ ಎಲ್ಲಿ ನಿಂತಿದೆ ಹೇಳಿ, ಅಲ್ಲಿಂದಾನೇ ಮಾತಾಡೋಣ.