ರಿಜಿಸ್ಟರ್‌ನಲ್ಲಿ ಬರೆದಿಟ್ಟ ಪಾಸ್‌ವರ್ಡ್‌ಗಳು

(ಬಳ್ಳಾರಿಯಲ್ಲಿ ಕಂಪ್ಯೂಟರ್ ವಿಭಾಗಗಳ ಸಿಬ್ಬಂದಿಗಾಗಿ ನಡೆದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಕಾಲೇಜು, ಆಸ್ಪತ್ರೆ, ಕಚೇರಿಗಳ ಕಂಪ್ಯೂಟರ್ ವಿಭಾಗಗಳನ್ನು ಹೊತ್ತು ನಡೆಸುತ್ತಿರುವ ಮಿತ್ರರಿಗೆ ನಮಸ್ಕಾರ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎನ್ನುತ್ತಾರೆ. ಸರ್ವರ್ ಕೋಣೆಯ ಏಸಿ ಕೆಟ್ಟ ದಿನ ಇಲ್ಲಿ ಏನಾಗುತ್ತದೆ ಎಂದು ನಿಮಗೆ ವಿವರಿಸಬೇಕಾಗಿಲ್ಲ. ಎಲ್ಲರ ಖಾತೆ, ಪಾಸ್‌ವರ್ಡ್‌ಗಳನ್ನು ಒಂದೆಡೆ ಕಾಯುವ ಡೈರೆಕ್ಟರಿ ಎಂದರೇನು ಎಂದೂ ವಿವರಿಸುವುದಿಲ್ಲ. ನೇರವಾಗಿ ನನ್ನ ತಕರಾರಿಗೆ ಬರುತ್ತೇನೆ. ಬಳಕೆದಾರರ ಪಾಸ್‌ವರ್ಡ್ ನಮಗೆ ಗೊತ್ತಿರಬಾರದು. ಒಂದು ನಿಮಿಷದ ಮಟ್ಟಿಗೂ ಗೊತ್ತಿರಬಾರದು. ಅದನ್ನು ಅವರೇ ಬದಲಿಸಿಕೊಳ್ಳಲು ನಾವೊಂದು ವೆಬ್ ಪುಟ ಕಟ್ಟಿಕೊಡಬೇಕು.

ನಮ್ಮ ಭಾಗದ ಒಂದು ಸಂಸ್ಥೆ, ಹೆಸರು ಬೇಡ. ಅಲ್ಲಿ ಒಬ್ಬ ಹಿರಿಯ ಗುಮಾಸ್ತರಿದ್ದರು. ಅವರ ಬೀರುವಿನಲ್ಲಿ ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ರಿಜಿಸ್ಟರ್. ಕ್ರಮಸಂಖ್ಯೆ, ಹೆಸರು, ಹುದ್ದೆ, ಪಾಸ್‌ವರ್ಡ್, ಷರಾ. ಷರಾ ಕಲಮಿನಲ್ಲಿ ಕೆಂಪು ಶಾಯಿಯಲ್ಲಿ ‘ಮತ್ತೆ ಮರೆತಿದ್ದಾರೆ’, ‘ನಿವೃತ್ತರು’, ‘ತಾವೇ ಬದಲಿಸಿಕೊಂಡಿದ್ದಾರೆ, ವಿವರಣೆ ಕೇಳಲಾಗಿದೆ’. ನಗಬೇಡಿ, ನಿಮ್ಮಲ್ಲಿ ಕೆಲವರ ಬೀರು ಹೇಗಿದೆಯೋ ನಾನು ನೋಡಿಲ್ಲ. ಒಂದು ದಿನ ಸಿರುಗುಪ್ಪದ ಕಡೆಯಿಂದ ಒಬ್ಬ ಅಧ್ಯಾಪಕಿ ಅರ್ಧ ದಿನದ ರಜೆ ಹಾಕಿ ಬಸ್ಸಿನಲ್ಲಿ ಬಂದರು. ಪಾಸ್‌ವರ್ಡ್ ಅವಧಿ ಮುಗಿದಿತ್ತು, ಅಂಕ ತುಂಬುವ ಕೊನೆಯ ದಿನ ಹತ್ತಿರವಿತ್ತು. ಗುಮಾಸ್ತರು ಬಹಳ ಮರ್ಯಾದಸ್ಥರು. ‘ಕುಳಿತುಕೊಳ್ಳಿ ಮೇಡಂ, ಚಹಾ ತರಿಸುತ್ತೇನೆ’ ಎಂದರು. ಚಹಾ ಬಂತು. ಕನ್ನಡಕ ಏರಿಸಿ, ಹೊಸ ಪಾಸ್‌ವರ್ಡ್ ಬರೆದು, ತಪ್ಪಾಗಬಾರದೆಂದು ಗಟ್ಟಿಯಾಗಿ ಓದಿದರು: ‘ಬಿ ದೊಡ್ಡದು, ಎ ಚಿಕ್ಕದು, ಎಲ್ ಎರಡು ಸಲ, ಆಮೇಲೆ ಅಟ್ ಗುರುತು, ಆಮೇಲೆ ಒಂದು ಎರಡು ಮೂರು.’ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಹಿಂದಿದ್ದ ಒಬ್ಬರು ‘ನನ್ನದೂ ಅದೇ ಇದೆಯಲ್ಲ!’ ಎಂದರು.

ಆ ಗುಮಾಸ್ತರು ಪ್ರಾಮಾಣಿಕರು, ಬೀರುವಿನ ಬೀಗದ ಕೈಯನ್ನು ಯಾರಿಗೂ ಕೊಟ್ಟವರಲ್ಲ. ನನ್ನ ಪ್ರಶ್ನೆ ಬೇರೆ. ನಾಳೆ ಆ ಅಧ್ಯಾಪಕಿಯ ಖಾತೆಯಿಂದ ಯಾರೋ ಒಂದು ಅಂಕವನ್ನು ತಿದ್ದಿದರೆ, ‘ಇದು ನಾನಲ್ಲ’ ಎಂದು ಅವರು ಹೇಗೆ ಸಾಧಿಸಬೇಕು? ‘ಇದು ನೀವೇ’ ಎಂದು ಸಂಸ್ಥೆ ಹೇಗೆ ಸಾಧಿಸಬೇಕು? ಎರಡನೆಯವರಿಗೆ ತಿಳಿದ ಕ್ಷಣದಿಂದ ಪಾಸ್‌ವರ್ಡ್ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಇದು ಬಳ್ಳಾರಿಯ ರೋಗ ಮಾತ್ರವಲ್ಲ. ಅಮೆರಿಕದ ಎಂಐಟಿಯಲ್ಲಿ ಸಿಟಿಎಸ್‌ಎಸ್ ಎಂಬ ಕಂಪ್ಯೂಟರ್ ವ್ಯವಸ್ಥೆಯಿತ್ತು, ಹಲವರು ಹಂಚಿಕೊಂಡು ಬಳಸುವಂಥದ್ದು. 1966ರಲ್ಲಿ ಅಲ್ಲಿ ಎರಡು ಕಡತಗಳು ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ದಿನದ ಸೂಚನೆಯ ಬದಲು ಎಲ್ಲರ ಪಾಸ್‌ವರ್ಡ್ ಪಟ್ಟಿ ಕಾಣಿಸಿತು. ನಮ್ಮ ಗುಮಾಸ್ತರ ರಿಜಿಸ್ಟರ್, ಕೆಂಪು ಬಟ್ಟೆಯೊಂದಿಲ್ಲ ಅಷ್ಟೇ.

‘ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿ ಬದಲಿಸಿಕೊಳ್ಳಲಿ, ಅದಕ್ಕೊಂದು ವೆಬ್ ಪುಟ ಏಕೆ?’ ಎನ್ನುತ್ತೀರಿ. ಡೊಮೈನ್‌ಗೆ, ಅಂದರೆ ಸಂಸ್ಥೆಯ ಒಂದೇ ಆಡಳಿತದ ಕಂಪ್ಯೂಟರ್ ಬಳಗಕ್ಕೆ, ಸೇರಿದ ವಿಂಡೋಸ್ ಯಂತ್ರದ ಮುಂದೆ ಕೂರುವವರಿಗೆ ಅದು ಸಾಕು. ಲಿನಕ್ಸ್ ಪ್ರಯೋಗಾಲಯದ ವಿದ್ಯಾರ್ಥಿ, ಮೊಬೈಲ್‌ನಲ್ಲಿ ವೈಫೈ ಮತ್ತು ಇಮೇಲ್ ಮಾತ್ರ ಬಳಸುವ ನರ್ಸ್, ತಾಲ್ಲೂಕಿನಲ್ಲಿರುವ ಅತಿಥಿ ಉಪನ್ಯಾಸಕ, ಇವರಿಗೆ ಆ ಮೂರು ಕೀಲಿಗಳಿಂದ ಉಪಯೋಗವಿಲ್ಲ. ಬ್ರೌಸರ್ ಮಾತ್ರ ಎಲ್ಲರ ಕೈಯಲ್ಲೂ ಇದೆ.

ಪುಟವನ್ನು ಕಟ್ಟುವಾಗ ಎಡವುವ ಜಾಗ ಒಂದಿದೆ, ಅಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೈಕ್ರೋಸಾಫ್ಟ್‌ನ ಡೈರೆಕ್ಟರಿಯಾದ ಆಕ್ಟಿವ್ ಡೈರೆಕ್ಟರಿಯಲ್ಲಿ ಪಾಸ್‌ವರ್ಡ್ ಬದಲಿಸುವುದು ಬೇರೆ, ಮರುಹೊಂದಿಸುವುದು ಬೇರೆ. ಬದಲಿಸುವಾಗ ಹಳೆಯದನ್ನು ಅಳಿಸಿ ಹೊಸದನ್ನು ಸೇರಿಸು ಎಂದು ಒಂದೇ ಕೋರಿಕೆಯಲ್ಲಿ ಕೇಳುತ್ತೇವೆ, ಹಳೆಯದು ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ. ಮರುಹೊಂದಿಸಲು ಹಳೆಯದು ಬೇಡ, ಅಧಿಕಾರ ಬೇಕು. ಸುಲಭವೆಂದು ಅನೇಕರು ಪುಟದ ಹಿಂದೆ ಎಲ್ಲ ಅಧಿಕಾರವೂ ಇರುವ ಡೊಮೈನ್ ಅಡ್ಮಿನ್ ಖಾತೆಯನ್ನೇ ಕೂರಿಸಿ, ಅದರ ಪಾಸ್‌ವರ್ಡನ್ನು ಸಂರಚನಾ ಕಡತದಲ್ಲಿ ಬರೆದಿಡುತ್ತಾರೆ. ಪುಟ ಯಾರ ಕೈಗೆ ಸಿಕ್ಕಿತೋ ಇಡೀ ಡೊಮೈನ್ ಅವರದು. ಮತ್ತೆ ಅದೇ ರಿಜಿಸ್ಟರ್, ಈ ಸಲ ಬೀಗವೂ ಇಲ್ಲ! ಪುಟ ಬಳಕೆದಾರರ ಹೆಸರಿನಲ್ಲಿಯೇ ಡೈರೆಕ್ಟರಿಯ ಬಾಗಿಲು ತಟ್ಟಲಿ.

ಅಲ್ಲೊಂದು ತೊಡಕಿದೆ. ಅವಧಿ ಮುಗಿದ ಪಾಸ್‌ವರ್ಡ್‌ನೊಂದಿಗೆ, ಡೈರೆಕ್ಟರಿಯೊಡನೆ ಮಾತಾಡುವ ಎಲ್‌ಡ್ಯಾಪ್ ಎಂಬ ನಿಯಮಾವಳಿಯ ಬಾಗಿಲು ತೆರೆಯುವುದಿಲ್ಲ. ದೋಷ 49, ಒಳಗೆ 532 ಎಂಬ ಉಪಸಂಕೇತ. ‘ಮುಂದಿನ ಸಲ ಬದಲಿಸಲೇಬೇಕು’ ಎಂದು ಗುರುತು ಹಾಕಿದ್ದರೆ 773. ಪುಟ ಯಾರಿಗೆ ಅತ್ಯಗತ್ಯವೋ ಅವರನ್ನೇ ಹೊರಗೆ ನಿಲ್ಲಿಸಿದಂತಾಯಿತು. ಇಂಥವರಿಗಾಗಿ, ಬಳಕೆದಾರರ ಗುರುತು ಪರಿಶೀಲಿಸುವ ಕೆರ್ಬೆರೋಸ್ ಎಂಬ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಬದಲಾವಣೆಯ ದಾರಿ ಇದೆ, ಸರ್ವರ್‌ನ ಇನ್ನೊಂದು ಬಾಗಿಲು, ಪೋರ್ಟ್ 464. ಅವಧಿ ಮುಗಿದಿದ್ದರೂ ಹಳೆಯದನ್ನು ತೋರಿಸಿ ಹೊಸದನ್ನು ಪಡೆಯಬಹುದು.

ಹೊಸ ಪಾಸ್‌ವರ್ಡನ್ನು ಜೋಡಿ ಉದ್ಧರಣ ಚಿಹ್ನೆಗಳ ಒಳಗಿಟ್ಟು, ಯುಟಿಎಫ್-16 ಎಂಬ ಅಕ್ಷರಸಂಕೇತದ ರೂಪದಲ್ಲಿ, ಗೂಢಲಿಪೀಕರಿಸಿದ ಸಂಪರ್ಕದಲ್ಲೇ ಕಳಿಸಬೇಕು. ಎಲ್‌ಡ್ಯಾಪ್‌ನ ಸಾಮಾನ್ಯ ಪೋರ್ಟ್ 389ರಲ್ಲಿ ಗೂಢಲಿಪೀಕರಣವಿಲ್ಲದೆ ಬರಿಗೈಯಲ್ಲಿ ಹೋದರೆ ‘ಮಾಡಲು ಸಿದ್ಧವಿಲ್ಲ’ ಎಂಬ ದೋಷ 53 ಬರುತ್ತದೆ. ಕಾರಣ ಹೇಳುವ ಸೌಜನ್ಯವಿಲ್ಲದ ಉತ್ತರ, ನಮಗೆ ಹೊಸದೇನಲ್ಲ. ಆಕ್ಟಿವ್ ಡೈರೆಕ್ಟರಿಯ ಬದಲು ಓಪನ್‌ಎಲ್‌ಡ್ಯಾಪ್ ಎಂಬ ಮುಕ್ತ ತಂತ್ರಾಂಶ ಇಟ್ಟುಕೊಂಡವರಿಗೆ 2001ರ ಆರ್‌ಎಫ್‌ಸಿ 3062 ಎಂಬ ಅಂತರಜಾಲ ಮಾನದಂಡ ಪಾಸ್‌ವರ್ಡ್ ಬದಲಿಸಲೆಂದು ಒಂದು ಪ್ರತ್ಯೇಕ ಕ್ರಿಯೆಯನ್ನೇ ಕೊಟ್ಟಿದೆ. ಹ್ಯಾಶ್ ಮಾಡುವ, ಅಂದರೆ ಪಾಸ್‌ವರ್ಡನ್ನು ಮತ್ತೆ ಮೂಲಕ್ಕೆ ತಿರುಗಿಸಲಾಗದ ಸಂಕೇತವಾಗಿಸುವ ಕೆಲಸವನ್ನು ಸರ್ವರ್‌ಗೇ ಬಿಡಿ. ಪುಟವೇ ಹ್ಯಾಶ್ ಮಾಡಿ ಕಳಿಸಿದರೆ ಪಾಸ್‌ವರ್ಡ್ ದುರ್ಬಲವೋ ಗಟ್ಟಿಯೋ ಎಂದು ಸರ್ವರ್‌ಗೆ ತಿಳಿಯುವ ಬಗೆಯಿಲ್ಲ.

ಬೆಳಿಗ್ಗೆ ಒಬ್ಬ ತರುಣ ಮಿತ್ರರು ‘ಕನ್ನಡದಲ್ಲೇ ಪಾಸ್‌ವರ್ಡ್ ಇಡಬಹುದೇ ಸರ್?’ ಎಂದು ಕೇಳಿದರು. ಇಡಬಹುದು, ನನಗೂ ಆಸೆಯಿದೆ. ಆದರೆ ಯೂನಿಕೋಡ್‌ನಲ್ಲಿ ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಒಂದೇ, ಸರ್ವರ್‌ಗೆ ಬೇರೆ ಬೇರೆ. ಪುಟ ಅವನ್ನು ಒಂದೇ ರೂಪಕ್ಕೆ ತಂದರೂ, ವೈಫೈಗೆ ಪಾಸ್‌ವರ್ಡ್ ಕೊಡುವ ಮೊಬೈಲ್ ಹಾಗೆ ಮಾಡುತ್ತದೆಂಬ ಭರವಸೆಯಿಲ್ಲ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಮಂಡಾಳ ಒಗ್ಗರಣೆ, ಮಿರ್ಚಿ ಸಿದ್ಧವಾಗಿದೆಯಂತೆ. ಉಳಿದದ್ದನ್ನು ಓಡಿಸುತ್ತೇನೆ.

ಪಾಸ್‌ವರ್ಡ್ ಅವಧಿಯ ನಿಯಮ. ವಿಂಡೋಸ್ ಡೊಮೈನ್‌ನಲ್ಲಿ ನಾವು ಬದಲಿಸದಿದ್ದರೆ ತಾನಾಗಿ ಇರುವ ಮಿತಿ 42 ದಿನ. ಆದರೆ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಕಾರಣವಿಲ್ಲದೆ ಆಗಾಗ ಬದಲಿಸಬೇಡಿ ಎಂದಿತು, 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಭದ್ರತಾ ಶಿಫಾರಸಿನಿಂದ ಅವಧಿಯನ್ನು ಕೈಬಿಟ್ಟಿತು. ಸಿರುಗುಪ್ಪದ ಮೇಡಂ ಹಾಕಿದ ಆ ಅರ್ಧ ದಿನದ ರಜೆ ದಂಡವೇ ಆಯಿತು.

ಮರೆತವರಿಗೆ ಗುಟ್ಟಿನ ಪ್ರಶ್ನೆ ಕೇಳುವ ಪುಟಗಳಿವೆ. ‘ನೀವು ಹುಟ್ಟಿದ ಊರು ಯಾವುದು?’ ಊರಿನ ಹೆಸರನ್ನೇ ಅಡ್ಡಹೆಸರಾಗಿ ಇಟ್ಟುಕೊಂಡು ತಿರುಗುವವರ ನಾಡಿನಲ್ಲಿ ಇದೆಂಥ ಗುಟ್ಟು? ನೋಂದಾಯಿತ ಮೊಬೈಲ್‌ಗೆ ಒಟಿಪಿ ಕಳಿಸಿ. ಒಂದೇ ವಿಳಾಸದಿಂದ ಬರುವ ಪ್ರಯತ್ನಗಳಿಗೆ ಮಿತಿ ಹಾಕಿ, ಇಲ್ಲವಾದರೆ ಹೊರಗಿನ ಯಾರೋ ತಪ್ಪು ಪಾಸ್‌ವರ್ಡ್ ಒತ್ತುತ್ತಲೇ ಇಡೀ ಸಿಬ್ಬಂದಿಯ ಖಾತೆಗಳನ್ನು ಲಾಕ್ ಮಾಡಿಬಿಡಬಹುದು.

ಲಾಗ್, ಅಂದರೆ ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ, ಕುರಿತ ಸ್ಲೈಡ್‌ಗಳನ್ನು ಬಿಟ್ಟಿದ್ದೇನೆ. ಇದೊಂದನ್ನು ಬಿಡಲಾರೆ. ‘ಬದಲಾಯಿತು’ ಎಂಬ ಸಂದೇಶದ ಕೆಳಗೆ ಇನ್ನೊಂದು ಸಾಲು ಬರೆಯಿರಿ: ಮೊಬೈಲ್‌ನ ವೈಫೈ ಮತ್ತು ಇಮೇಲ್‌ನಲ್ಲೂ ಹೊಸ ಪಾಸ್‌ವರ್ಡ್ ತುಂಬಿ. ಕಿಸೆಯೊಳಗಿನ ಮೊಬೈಲ್ ಹಳೆಯದನ್ನೇ ಮತ್ತೆ ಮತ್ತೆ ಕೊಡುತ್ತ ಖಾತೆಯನ್ನು ಲಾಕ್ ಮಾಡಿಸಬಹುದು, ಆಗ ಅವರು ಮತ್ತೆ ನಿಮ್ಮ ಮೇಜಿನ ಮುಂದೆಯೇ ಬರುತ್ತಾರೆ. ಪ್ರಶ್ನೆಗಳಿದ್ದರೆ ಒಗ್ಗರಣೆಯ ಸಾಲಿನಲ್ಲಿ ಸಿಗುತ್ತೇನೆ.