ಮಳೆಯ ಖಾತೆ ಯಾರಿಗೆ? ಮನುಷ್ಯನಿಂದ ಬಂದ ದೇವರ ಕುರಿತು

ಎಲ್ಲರಿಗೂ ನಮಸ್ಕಾರ.

ಇವತ್ತಿನ ಪ್ರಶ್ನೆ ನಿಮಗೆ ಗೊತ್ತೇ ಇದೆ. ಮನುಷ್ಯಕುಲದಿಂದಲೇ ಬೆಳೆದು ಬಂದ ದೇವರು ಇರಲು ಸಾಧ್ಯವೇ? ಬೇರೆ ಊರಿನಲ್ಲಿ ಈ ಮಾತು ಕೇಳಿ ಜನ ಹುಬ್ಬೇರಿಸಬಹುದು. ಮಡಿಕೇರಿಯಲ್ಲಿ ಆ ಭಯ ಇಲ್ಲ. ಇಲ್ಲಿ ಕೂತಿರುವ ಎಷ್ಟೋ ಜನರ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಕೈಮಡವೆಂಬ ಹಿರಿಯರ ಗುಡಿಯಲ್ಲಿ ಪೂಜೆ ಪಡೆಯುವವನು ಒಂದು ಕಾಲಕ್ಕೆ ಗದ್ದೆ ಉತ್ತವನು, ಬಹುಶಃ ಹೆಂಡತಿಯಿಂದ ಬೈಸಿಕೊಂಡವನು. ಅವನೇ ಗುರುಕಾರೋಣ, ಒಕ್ಕದ, ಅಂದರೆ ಮನೆತನದ, ಮೂಲಪುರುಷ. ಅರೆಭಾಷೆ ಗೌಡರ ಮನೆಗಳಲ್ಲೂ ಗುರುಕಾರಣರಿಗೆ ನಡೆದುಕೊಳ್ಳುತ್ತಾರೆ.

ಇವನ ಬಗ್ಗೆ ಸ್ವಲ್ಪ ನಿಧಾನವಾಗಿ ಯೋಚಿಸೋಣ. ಸತ್ತ ಕೂಡಲೇ ಯಾರೂ ಗುರುಕಾರೋಣ ಆಗುವುದಿಲ್ಲ. ಒಕ್ಕದವರು ತಲೆಮಾರುಗಳ ಕಾಲ ನೆನೆಯಬೇಕು. ಐನ್‌ಮನೆಯ ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚಬೇಕು. ಮೀದಿ, ಅಂದರೆ ಹಿರಿಯರಿಗೆ ಎಡೆ, ಇಡಬೇಕು. ಕಾರೋಣಂಗ್ ಕೊಡ್ಪೊ ದಿನ, ಅಂದರೆ ಕಾರೋಣನಿಗೆ ಅರ್ಪಿಸುವ ದಿನ, ಅಕ್ಕಿ, ಮಾಂಸದಡುಗೆ, ಮದ್ಯ ಎಲ್ಲವೂ ಬೇಕು. ದೇವರಾದ ಮೇಲೂ ಅವನ ನಾಲಿಗೆ ರುಚಿ ಬದಲಾಗಿಲ್ಲ ನೋಡಿ! ಬದುಕಿದ್ದಾಗ ಏನು ಉಣ್ಣುತ್ತಿದ್ದನೋ ಈಗಲೂ ಅದೇ. ತೆರೆ ಕಟ್ಟಿದವನ, ಅಂದರೆ ದೈವದ ವೇಷ ತೊಟ್ಟವನ, ಮೈಮೇಲೆ ಬಂದಾಗ ಅವನು ಆಡುವುದೂ ಮನೆಯ ಮಾತೇ. ಹಳೇ ಹರಕೆ ನೆನಪಿಸುತ್ತಾನೆ, ಅಣ್ಣತಮ್ಮಂದಿರ ಜಗಳ ಬಿಡಿಸುತ್ತಾನೆ.

ಕಲಿಯಾಟ ಅಜ್ಜಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದವನು. ಪೊನ್ನಪ್ಪ ಎಂಬ ವೀರ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಅವನ ತೆರೆ ಒಂದು ಒಕ್ಕಕ್ಕೆ ಸೀಮಿತವಲ್ಲ, ಬೇರೆ ಬೇರೆ ಊರುಗಳಲ್ಲೂ ನಡೆಯುತ್ತದೆ.

ಪ್ರೀತಿಯಿಂದ ಮಾತ್ರ ಹೀಗಾಗುತ್ತದೆ ಅಂತಲೂ ಅಲ್ಲ. ಇದೇ ಊರಿನ ಓಂಕಾರೇಶ್ವರ ದೇವಸ್ಥಾನವನ್ನು ಲಿಂಗರಾಜ 1820ರಲ್ಲಿ ಕಟ್ಟಿಸಿದ. ಅವನು ಕೊಲ್ಲಿಸಿದ ಬ್ರಾಹ್ಮಣನೊಬ್ಬ ಬ್ರಹ್ಮರಾಕ್ಷಸನಾಗಿ ಕಾಡಿದ, ಆ ಕಾಟ ತೀರಲೆಂದು ಶಿವನನ್ನು ಪ್ರತಿಷ್ಠಾಪಿಸಿದ ಎಂಬ ಕಥೆ ಎಲ್ಲರಿಗೂ ಗೊತ್ತು. ಕಥೆ ನಿಜವೋ ಅಲ್ಲವೋ, ಅದರ ಲೆಕ್ಕಾಚಾರ ಗಮನಿಸಿ. ಬದುಕಿದ್ದಾಗ ರಾಜನ ಮುಂದೆ ಏನೂ ಅಲ್ಲದವನು ಸತ್ತ ಮೇಲೆ ರಾಜನನ್ನೇ ನಡುಗಿಸಿದ.

ಗ್ರೀಸಿನಲ್ಲಿ ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಹೆಮರಸ್ ಎಂಬವನು ಹೆಚ್ಚುಕಡಿಮೆ ಇದನ್ನೇ ಹೇಳಿದ್ದ. ದೂರದ ದ್ವೀಪವೊಂದರಲ್ಲಿ ಬಂಗಾರದ ಕಂಬದ ಮೇಲೆ ದೇವತೆಗಳ ಚರಿತ್ರೆ ಬರೆದಿದೆ, ಅವರೆಲ್ಲ ಹಳೇ ಕಾಲದ ರಾಜರೇ ಅಂತ ಅವನ ವಾದ. ಅವನನ್ನು ನಾಸ್ತಿಕ ಎಂದು ಬೈದವರಿದ್ದರು. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಸ್ಪೆನ್ಸರ್, ಧರ್ಮಗಳ ಬೇರು ಸತ್ತ ಹಿರಿಯರ ಪೂಜೆಯಲ್ಲೇ ಇದೆ ಅಂದ. ಇಬ್ಬರೂ ದೇವರ ಗುಟ್ಟು ರಟ್ಟು ಮಾಡಿದೆವು ಅಂದುಕೊಂಡಿದ್ದರು. ನಮ್ಮಲ್ಲಿ ರಟ್ಟು ಮಾಡಲು ಗುಟ್ಟೇ ಇಲ್ಲ. ಇವನು ಮನುಷ್ಯನಾಗಿದ್ದ ಅಂತ ಮೊದಲೇ ಹೇಳಿಯೇ ಕೈಮುಗಿಯುತ್ತೇವೆ, ಅಲ್ವಾ?

ಸರಿ, ಇದೆಲ್ಲ ಜನ ಮಾಡಿಕೊಂಡ ದೇವರು. ನಿಜವಾದ ಜೀವವಿಕಾಸದಿಂದ, ಡಾರ್ವಿನ್ 1859ರಲ್ಲಿ ಹೇಳಿದ ದಾರಿಯಲ್ಲಿ, ಮನುಷ್ಯ ಮುಂದೊಂದು ದಿನ ದೇವರಾಗಬಹುದೇ? ಮಂಗನಿಂದ ಮಾನವ, ಮಾನವನಿಂದ ದೇವರು ಅಂತ ಮೆಟ್ಟಿಲು ಹತ್ತುವ ಚಿತ್ರ ತುಂಬ ಜನರ ತಲೆಯಲ್ಲಿದೆ. ಆ ಚಿತ್ರವೇ ತಪ್ಪು. ವಿಕಾಸಕ್ಕೆ ಮೇಲೆ, ಕೆಳಗೆ ಅಂತಿಲ್ಲ. ಕತ್ತಲೆ ಗುಹೆಯಲ್ಲಿ ಸೇರಿಕೊಂಡ ಮೀನುಗಳು ಪೀಳಿಗೆ ಕಳೆದಂತೆ ಕಣ್ಣನ್ನೇ ಕಳೆದುಕೊಂಡಿವೆ. ಅದೂ ವಿಕಾಸವೇ.

ನಮ್ಮ ಪಕ್ಕದ್ದೇ ಒಂದು ಉದಾಹರಣೆ ನೋಡಿ. ವಯನಾಡು, ನೀಲಗಿರಿಯ ಆದಿವಾಸಿ ಸಮುದಾಯಗಳಲ್ಲಿ ಕುಡಗೋಲು ಕಣ ರೋಗ ಇದೆ, ಸಿಕಲ್ ಸೆಲ್ ಅಂತಾರಲ್ಲ ಅದು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಆ ಜೀನ್ ಬಂದರೆ ಮಲೇರಿಯಾ ಕೊಲ್ಲುವುದು ಕಡಿಮೆ. ಇಬ್ಬರಿಂದಲೂ ಬಂದರೆ ಜೀವನವಿಡೀ ನೋವು. ಮಲೇರಿಯಾ ಕಾಡಿದ ಸೀಮೆಗಳಲ್ಲಿ ಆ ಜೀನ್ ಉಳಿದುಕೊಂಡಿತು. ವಿಕಾಸ ಕೆಲಸ ಮಾಡುವುದು ಹೀಗೆ. ಈ ಸೊಳ್ಳೆ, ಈ ಕಾಡು, ಈ ವರ್ಷ ಬದುಕಿದರೆ ಸಾಕು ಅನ್ನುವ ಲೆಕ್ಕ. ಅಷ್ಟೇ ಅಲ್ಲ, ಒಬ್ಬ ವ್ಯಕ್ತಿ ವಿಕಾಸ ಹೊಂದುವುದೇ ಇಲ್ಲ. ಬದಲಾಗುವುದು ಪೀಳಿಗೆಗಳು. ನಮ್ಮ ಜಾತಿಯ ಮನುಷ್ಯ ಹುಟ್ಟಿ ಸುಮಾರು 3 ಲಕ್ಷ ವರ್ಷ ಆಯಿತು. ಸಾವು ಗೆದ್ದವನೊಬ್ಬನೂ ಸಿಕ್ಕಿಲ್ಲ.

ಹಾಗಾದರೆ ಸ್ವಂತ ಪ್ರಯತ್ನದಿಂದ? ಜೈನರು ಇದಕ್ಕೆ ತುಂಬ ನೇರವಾದ ಉತ್ತರ ಕೊಟ್ಟಿದ್ದಾರೆ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಕೊಂಗಾಳ್ವ ಅರಸರ ಕಾಲದ, 11ನೇ ಶತಮಾನದ ಬಸದಿಗಳಿವೆ. ನೋಡದವರು ಒಮ್ಮೆ ಹೋಗಿ ಬನ್ನಿ, ಜನಜಂಗುಳಿಯೂ ಇರುವುದಿಲ್ಲ. ಅಲ್ಲಿ ಪೂಜೆಗೊಳ್ಳುವ ಪಾರ್ಶ್ವನಾಥ, ಶಾಂತಿನಾಥ ಎಲ್ಲರೂ ಮನುಷ್ಯರಾಗಿ ಹುಟ್ಟಿ ಕರ್ಮ ಕಳೆದುಕೊಂಡವರು. ಆದರೆ ಅವರು ವರ ಕೊಡುವುದಿಲ್ಲ. ಲೋಕವನ್ನು ಅವರು ಸೃಷ್ಟಿಸಲೂ ಇಲ್ಲ, ನಡೆಸುವುದೂ ಇಲ್ಲ. ಅದಕ್ಕೊಬ್ಬ ಕರ್ತಾರ ಬೇಕೆಂದು ಜೈನರು ಒಪ್ಪುವುದೇ ಇಲ್ಲ.

ಅಮೆರಿಕದಲ್ಲಿ ಮಾರ್ಮನ್ ಪಂಥದ ಜೋಸೆಫ್ ಸ್ಮಿತ್ 1844ರ ಒಂದು ಪ್ರವಚನದಲ್ಲಿ, ದೇವರೂ ಒಮ್ಮೆ ನಮ್ಮಂತೆ ಮನುಷ್ಯನಾಗಿದ್ದ ಎಂದು ಸಾರಿದ. ಅದಕ್ಕೆ ಅವನು ಏನು ಬೆಲೆ ತೆರಬೇಕಾಯಿತು ನೋಡಿ. ಜಗತ್ತನ್ನು ಶೂನ್ಯದಿಂದ ಸೃಷ್ಟಿಸಲಿಲ್ಲ, ಮೂಲವಸ್ತು ಮೊದಲಿನಿಂದಲೂ ಇತ್ತು ಅನ್ನಬೇಕಾಯಿತು. ಶ್ರೀ ಅರವಿಂದರು ಮನುಷ್ಯ ಕೊನೆಯ ಹಂತವಲ್ಲ ಅಂದರು. ಆದರೆ ದೈವತ್ವ ಮೊದಲೇ ಜಡದೊಳಗೆ ಅಡಗಿದೆ, ಅದು ಅರಳುತ್ತದೆ ಅಂದರು. ಅಂದರೆ ಅವರಲ್ಲೂ ದೇವರೇ ಮೊದಲು.

ನನಗೆ ಕಾಣುವ ತೊಡಕು ಇಲ್ಲಿದೆ. ಮನುಷ್ಯ ಬಂದದ್ದು ಈ ಜಗತ್ತಿನೊಳಗಿಂದ. ಅವನಿಂದ ಬಂದ ದೇವರು ಜಗತ್ತಿಗಿಂತ ಕಿರಿಯ. ಕಿರಿಯವನು ಹಿರಿಯದನ್ನು ಹೆರಲಾರ. ಹಾಗಾಗಿ ಮನುಷ್ಯನಿಂದ ದೇವರು ಬರಬಹುದು, ಸೃಷ್ಟಿಕರ್ತ ಬರಲಾರ. ನಾಳೆ ಯಾರೋ ಕಂಪ್ಯೂಟರಿನಲ್ಲಿ ಸರ್ವಜ್ಞನನ್ನು ಮಾಡಿದರೂ ಈ ಮಾತು ಬದಲಾಗುವುದಿಲ್ಲ.

ಕೊಡಗಿನವರು ಇದನ್ನು ತರ್ಕ ಓದದೆಯೇ ಪಾಲಿಸಿದ್ದಾರೆ ಅನ್ನಿಸುತ್ತದೆ. ಮಳೆ ಯಾರ ಕೈಯಲ್ಲಿದೆ? ಪಾಡಿ ಇಗ್ಗುತ್ತಪ್ಪನ ಕೈಯಲ್ಲಿ. ಸುಗ್ಗಿಹಬ್ಬ ಪುತ್ತರಿಯ ದಿನ ನಿಗದಿಯಾಗುವುದೂ ಅಲ್ಲೇ. ಅವನು ಯಾರ ಒಕ್ಕದಲ್ಲೂ ಹುಟ್ಟಿದವನಲ್ಲ, ಒಡಹುಟ್ಟಿದವರೊಂದಿಗೆ ಸಮುದ್ರ ದಾಟಿ ಬಂದವನು. ಕಾವೇರಮ್ಮೆಯೂ ಹಾಗೆಯೇ. ಬ್ರಹ್ಮನ ಮಗಳು ಕವೇರ ಮುನಿಯ ಮನೆಯಲ್ಲಿ ಬೆಳೆದಳು, ಅಗಸ್ತ್ಯರ ಕೈ ಹಿಡಿದಳು, ಆಮೇಲೆ ನದಿಯಾದಳು. ಅವಳದು ಮೇಲಿನಿಂದ ಇಳಿದು ಬಂದ ದಾರಿ. ಮನುಷ್ಯನಾಗಿದ್ದ ಯಾರಿಗೂ ನಾವು ಮಳೆಯ ಖಾತೆ ಕೊಟ್ಟಿಲ್ಲ. ಗುರುಕಾರೋಣನಿಗೆ ವಹಿಸಿದ್ದು ಒಂದು ಮನೆ, ಒಂದಿಷ್ಟು ಗದ್ದೆ, ಮಕ್ಕಳುಮರಿ. ಅಷ್ಟು ಕೆಲಸ ಅವನಿಗೆ ಗೊತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನನಗೂ ಸ್ಪೆನ್ಸರ್‌ಗೂ ಜಗಳ. ಅವನ ದಾರಿಯಲ್ಲಿ ಹೋದರೆ, ಹಿರಿಯರನ್ನು ನೆನೆಯುವುದು ನಿಂತ ದಿನ ಈ ದೇವರೂ ಇಲ್ಲ. ಒಕ್ಕದ ಹಿರಿಯರನ್ನು ಕೇಳಿ, ಕೊಡುವುದು ನಿಂತರೆ ಕಾರೋಣ ಮುನಿಯುತ್ತಾನೆ ಅಂತಾರೆ. ಮುನಿಯಬೇಕಾದರೆ ಅವನು ಇರಬೇಕಲ್ಲ? ಬೆಂಗಳೂರು, ಮೈಸೂರು ಸೇರಿದ ಮಕ್ಕಳು ಕೊಡ್ಪೊ ದಿನ ಬಸ್ಸು ಹತ್ತಿ ಬರುವುದಕ್ಕೆ ನಂಬಿಕೆ ಕಾರಣವೋ, ಅಣ್ಣತಮ್ಮಂದಿರನ್ನು ನೋಡುವ ಆಸೆ ಕಾರಣವೋ, ಅವರೇ ಹೇಳಬೇಕು. ಅಂಥವರು ಈ ಸಭೆಯಲ್ಲೂ ಇದ್ದೀರಿ. ಮೊದಲ ಪ್ರಶ್ನೆ ನೀವೇ ಕೇಳಿ.