ಹಳೆಯ ಪೀಪಾಯಿ, ಹೊಸ ಪೀಪಾಯಿ: ವೈನ್ ಶೈಲಿಗಳ ಒಂದು ತುಲನೆ

ಕೇಳುಗರಿಗೆ ನಮಸ್ಕಾರ.

ವೈನ್ ಕುರಿತು ಮಾತು ಬಂದಾಗಲೆಲ್ಲ ‘ಸಾಂಪ್ರದಾಯಿಕ’ ಮತ್ತು ‘ಆಧುನಿಕ’ ಎಂಬ ಎರಡು ವಿಶೇಷಣಗಳು ಪದೇ ಪದೇ ಕಿವಿಗೆ ಬೀಳುತ್ತವೆ. ಯೂರೋಪಿನ ವೈನ್ ಸಾಂಪ್ರದಾಯಿಕ, ಅಮೆರಿಕ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳ ವೈನ್ ಆಧುನಿಕ ಎಂದು ಭೂಪಟದ ಮೇಲೊಂದು ಗೆರೆ ಎಳೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಒಂದೇ ಗುಡ್ಡದ ಇಳಿಜಾರಿನಲ್ಲಿ ಅಕ್ಕಪಕ್ಕದ ತೋಟದವರು ಒಂದೇ ತಳಿಯ ದ್ರಾಕ್ಷಿಯಿಂದ ಒಂದಕ್ಕೊಂದು ಸಂಬಂಧವೇ ಇಲ್ಲದಂಥ ವೈನ್ ತಯಾರಿಸಿದ ನಿದರ್ಶನಗಳು ಕಣ್ಣೆದುರಿಗಿರುವಾಗ ಆ ಗೆರೆ ಬಹಳ ದೂರ ಉಪಯೋಗಕ್ಕೆ ಬರುವುದಿಲ್ಲ. ಇಂದು ಸಂಪ್ರದಾಯವೆಂದು ಗೌರವಿಸುವ ಬಹುತೇಕ ಪದ್ಧತಿಗಳು ಒಂದು ಕಾಲದಲ್ಲಿ ಊರಿನವರ ಹುಬ್ಬೇರಿಸಿದ ಹೊಸತನಗಳೇ ಆಗಿದ್ದವು. ಈ ಮಾತನ್ನು ಕೆಲವು ಪ್ರದೇಶಗಳ ಮೂಲಕ ವಿವರಿಸುವುದು ಈ ಭಾಷಣದ ಉದ್ದೇಶ.

ಮೊದಲಿಗೆ, ಶೈಲಿ ಎಂಬುದು ಯಾವುದರಿಂದ ನಿರ್ಧಾರವಾಗುತ್ತದೆ ಎಂಬುದನ್ನು ನೋಡೋಣ. ಹಣ್ಣನ್ನು ಎಷ್ಟು ಮಾಗಿದಾಗ ಕೊಯ್ಯಬೇಕು, ರಸವು ಸಿಪ್ಪೆಯೊಡನೆ ಎಷ್ಟು ದಿನ ನೆನೆಯಬೇಕು, ಹುದುಗು ಮುಗಿದ ಮೇಲೆ ವೈನನ್ನು ಯಾವ ಪಾತ್ರೆಯಲ್ಲಿ ಎಷ್ಟು ಕಾಲ ಇಡಬೇಕು, ಅದಕ್ಕೆ ಎಷ್ಟು ಗಾಳಿ ತಾಗಬೇಕು ಎಂಬ ನಿರ್ಧಾರಗಳೇ ಮುಖ್ಯವಾದವು. ಬಣ್ಣ ಮತ್ತು ಟ್ಯಾನಿನ್ ಎಂಬ ಒಗರಿನ ಅಂಶ ಸಿಪ್ಪೆಯಿಂದ ಬರುತ್ತವೆ. ಬೀಜವೂ ಒಗರನ್ನು ಬಿಡುತ್ತದೆ. ಹೊಸ ಓಕ್ ಮರದ ಪೀಪಾಯಿ ವೆನಿಲ್ಲಾ ಮತ್ತು ಮಸಾಲೆಯ ಪರಿಮಳವನ್ನು ಸೇರಿಸುತ್ತದೆ. ಹಲವು ವರ್ಷ ಬಳಸಿದ ಪೀಪಾಯಿಯಲ್ಲಿ ಆ ಪರಿಮಳವೆಲ್ಲ ಇಳಿದುಹೋಗಿ, ಅದು ವೈನಿಗೆ ನಿಧಾನವಾಗಿ ಗಾಳಿಯನ್ನು ಒದಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಸ್ಟೀಲ್ ಟ್ಯಾಂಕ್ ಪರಿಮಳವನ್ನೂ ಕೊಡುವುದಿಲ್ಲ, ಗಾಳಿಯನ್ನೂ ಬಿಡುವುದಿಲ್ಲ.

ಈ ಪ್ರಶ್ನೆಗಳ ಮೇಲೆ ಅತ್ಯಂತ ತೀವ್ರವಾದ ಜಗಳ ನಡೆದದ್ದು ಇಟಲಿಯ ವಾಯವ್ಯ ಭಾಗದ ಪೀಡ್‌ಮಾಂಟ್ ಪ್ರಾಂತದಲ್ಲಿ, ಬರೋಲೊ ಎಂಬ ಹಳ್ಳಿಯ ಸುತ್ತಲಿನ ಗುಡ್ಡಗಳಲ್ಲಿ. ಅಲ್ಲಿನ ದ್ರಾಕ್ಷಿ ನೆಬಿಯೋಲೊ. ಬೇಗ ಚಿಗುರಿ ತಡವಾಗಿ ಮಾಗುವ, ನೋಡಲು ತೆಳುಬಣ್ಣದ, ಬಾಯಿಗಿಟ್ಟರೆ ಹುಳಿ ಮತ್ತು ಒಗರು ಎರಡೂ ಮುನ್ನುಗ್ಗುವ ತಳಿ ಅದು. ಹಳೆಯ ಕ್ರಮದಲ್ಲಿ ರಸವನ್ನು ಸಿಪ್ಪೆಯೊಡನೆ ಒಂದು ತಿಂಗಳು, ಕೆಲವೊಮ್ಮೆ ಎರಡು ತಿಂಗಳು ಬಿಡುತ್ತಿದ್ದರು. ಹುದುಗುವಾಗ ಮೇಲಕ್ಕೆ ತೇಲಿ ಬರುವ ಸಿಪ್ಪೆಯ ಪದರವನ್ನು ಹಲಗೆಗಳಿಂದ ಒತ್ತಿ ರಸದೊಳಗೇ ಮುಳುಗಿಸಿಡುವ ರೂಢಿಯೂ ಇತ್ತು. ಬಳಿಕ ವೈನ್ ಸ್ಲಾವೋನಿಯ ಪ್ರದೇಶದ ಓಕ್‌ನಿಂದ ಮಾಡಿದ, ಸಾವಿರಾರು ಲೀಟರ್ ಹಿಡಿಸುವ ದೊಡ್ಡ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂರುತ್ತಿತ್ತು. ಇಂಥ ಬರೋಲೊ ಬಾಟಲಿಗೆ ಇಳಿದ ಮೇಲೂ ಹತ್ತು ಹದಿನೈದು ವರ್ಷ ಕಾಯಿಸುತ್ತಿತ್ತು. ಕಾದವರಿಗೆ ಒಣಗಿದ ಗುಲಾಬಿ, ಟಾರು, ಹಸಿಮಣ್ಣು ಮತ್ತು ಅಣಬೆಯ ವಾಸನೆಗಳು ಒಂದರ ಹಿಂದೊಂದು ತೆರೆದುಕೊಳ್ಳುವ, ಅಂಚಿನಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ವೈನ್ ಸಿಗುತ್ತಿತ್ತು. ಕಾಯಲಾಗದವರಿಗೆ ವಸಡು ಬಿಗಿಯುವ ಒಗರಷ್ಟೇ ದಕ್ಕುತ್ತಿತ್ತು.

ಕಾಯುವ ಶಕ್ತಿ ಎಲ್ಲ ಬೆಳೆಗಾರರಿಗೂ ಇರಲಿಲ್ಲ. ಅನೇಕರು ಹಣ್ಣನ್ನೇ ವ್ಯಾಪಾರಿಗಳಿಗೆ ಮಾರಿ ಬಡತನದಲ್ಲೇ ಉಳಿದಿದ್ದರು. 1970ರ ದಶಕದಲ್ಲಿ ಎಲಿಯೋ ಅಲ್ತಾರೆ ಎಂಬ ತರುಣ ಬೆಳೆಗಾರ ಫ್ರಾನ್ಸಿನ ಬರ್ಗಂಡಿಗೆ ಹೋಗಿ, ಅಲ್ಲಿನ ಸಣ್ಣ ಬೆಳೆಗಾರರು ತಮ್ಮ ಹೆಸರಿನಲ್ಲೇ ಬಾಟಲಿ ಮಾಡಿ ನೆಮ್ಮದಿಯಿಂದ ಬದುಕುತ್ತಿರುವುದನ್ನೂ, ಅವರ ನೆಲಮಾಳಿಗೆಗಳಲ್ಲಿ ಸಾಲಾಗಿ ನಿಂತ ಸಣ್ಣ ಪೀಪಾಯಿಗಳನ್ನೂ ಕಂಡು ಬಂದರು. 1983ರಲ್ಲಿ ಅವರು ಯಂತ್ರಗರಗಸ ಹಿಡಿದು ತಂದೆಯ ಹಳೆಯ ದೊಡ್ಡ ಪೀಪಾಯಿಗಳನ್ನು ಕೊಯ್ದುಹಾಕಿದರು. ತಂದೆ ಮಗನನ್ನು ಆಸ್ತಿಯಿಂದಲೇ ಹೊರಗಿಟ್ಟರು. ಗೊಂಚಲುಗಳು ಕಾಯಾಗಿರುವಾಗಲೇ ಒಂದಷ್ಟನ್ನು ಕತ್ತರಿಸಿ ನೆಲಕ್ಕೆ ಬೀಳಿಸಿ, ಉಳಿದವಕ್ಕೆ ಸಾರ ತುಂಬಿಸುವ ಹೊಸ ಕ್ರಮವಂತೂ ಹಸಿವನ್ನು ಕಂಡಿದ್ದ ಹಿರಿಯರಿಗೆ ಪಾಪದ ಕೆಲಸವಾಗಿಯೇ ಕಂಡಿತು.

ಹೊಸಬರು ಸಿಪ್ಪೆಯೊಡನೆ ನೆನೆಸುವ ಅವಧಿಯನ್ನು ತಿಂಗಳುಗಳಿಂದ ದಿನಗಳಿಗೆ ಇಳಿಸಿದರು. ಸಿಮೆಂಟ್ ಕಲಸುವ ಯಂತ್ರದಂತೆ ಅಡ್ಡಲಾಗಿ ತಿರುಗುವ ಟ್ಯಾಂಕುಗಳನ್ನು ತಂದರು. ಅವುಗಳಲ್ಲಿ ಬಣ್ಣ ಬೇಗ ಬಿಡುತ್ತಿತ್ತು, ಒಗರು ಅಷ್ಟಾಗಿ ಇಳಿಯುತ್ತಿರಲಿಲ್ಲ. ಬಳಿಕ 225 ಲೀಟರಿನ ಫ್ರೆಂಚ್ ಓಕ್ ಪೀಪಾಯಿ ಬಂತು. ಬರೀಕ್ ಎಂಬುದು ಅದರ ಹೆಸರು. ಪೀಪಾಯಿ ಸಣ್ಣದಾದಷ್ಟೂ ವೈನಿಗೆ ತಾಗುವ ಮರದ ಪಾಲು ಹೆಚ್ಚು. ಆದ್ದರಿಂದ ಮರದ ಪರಿಮಳವೂ ಹೆಚ್ಚು, ಮಾಗುವಿಕೆಯೂ ಬೇಗ. ಗಾಢ ಬಣ್ಣದ, ನುಣುಪಾದ, ಮಾರುಕಟ್ಟೆಗೆ ಬಂದ ವರ್ಷವೇ ಕುಡಿಯಬಹುದಾದ ಬರೋಲೊ ಹೀಗೆ ಹುಟ್ಟಿ, ವಿದೇಶದ ವಿಮರ್ಶಕರ ಮನ ಗೆದ್ದಿತು. ಹಳೆಯ ಪಂಥದ ಬಾರ್ತೊಲೊ ಮಸ್ಕರೆಲ್ಲೊ ತಮ್ಮ ಕೈಯಾರೆ ಚಿತ್ರಿಸಿದ ಲೇಬಲ್ ಒಂದರಲ್ಲಿ ‘ಬರೀಕ್ ಬೇಡ, ಬೆರ್ಲುಸ್ಕೋನಿ ಬೇಡ’ ಎಂದು ಬರೆದು, ಸಣ್ಣ ಪೀಪಾಯಿಯನ್ನೂ ಆ ಕಾಲದ ರಾಜಕಾರಣಿಯನ್ನೂ ಒಟ್ಟಿಗೇ ತಿರಸ್ಕರಿಸಿದರು.

ಈ ಜಗಳದಲ್ಲಿ ನನ್ನ ಒಲವು ದೊಡ್ಡ ಪೀಪಾಯಿಯ ಕಡೆಗಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಹೊಸ ಮರದ ವೆನಿಲ್ಲಾ ನೆಬಿಯೋಲೊದ ಗುಲಾಬಿಯನ್ನು ಸುಲಭವಾಗಿ ನುಂಗಿಹಾಕುತ್ತದೆ. ಆದರೆ ಹಳಬರ ನೆಲಮಾಳಿಗೆಗಳಲ್ಲಿ ಕೊಳಕು ಪೀಪಾಯಿಗಳೂ, ಅವುಗಳಿಂದ ಕೆಟ್ಟ ವೈನುಗಳೂ ಧಾರಾಳವಾಗಿದ್ದವು. ಶುಚಿತ್ವ, ಕಡಿಮೆ ಇಳುವರಿ, ಹದವರಿತ ಕೊಯ್ಲು ಇವೆಲ್ಲ ಎರಡೂ ಪಂಥಗಳಿಗೆ ಹರಡುವಂತೆ ಮಾಡಿದ ಹಿರಿಮೆ ಬಹುಮಟ್ಟಿಗೆ ಹೊಸಬರಿಗೇ ಸಲ್ಲಬೇಕು. ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲಿ ಇರಬೇಕು ಎನ್ನುವ ಕಾನೂನು ಪೀಪಾಯಿ ಎಷ್ಟು ದೊಡ್ಡದಿರಬೇಕೆಂದು ಹೇಳುವುದಿಲ್ಲ. ಹಾಗಾಗಿ ಲೇಬಲಿನ ಮೇಲಿನ ಬರೋಲೊ ಎಂಬ ಹೆಸರಿನಿಂದ ಶೈಲಿ ತಿಳಿಯುವುದಿಲ್ಲ. ತಯಾರಕರು ಯಾರೆಂದು ಗೊತ್ತಿರಬೇಕು. ಇನ್ನೊಂದು ಸಂಗತಿಯನ್ನು ಹಳೆಯ ಪಂಥದ ಅಭಿಮಾನಿಗಳು ಮರೆಯುವುದುಂಟು: ಸಿಹಿ ಉಳಿಯದಂತೆ ಪೂರ್ತಿ ಹುದುಗಿಸಿದ ಬರೋಲೊ ನೆಲೆಗೊಂಡದ್ದೇ 19ನೇ ಶತಮಾನದಲ್ಲಿ. ಅದಕ್ಕೆ ಮೊದಲು ಚಳಿ ಬಂದು ಹುದುಗು ಅರ್ಧಕ್ಕೆ ನಿಂತು, ಸಿಹಿಯುಳಿದ ವೈನೇ ಅಲ್ಲಿ ಸಾಮಾನ್ಯವಾಗಿತ್ತು.

ಈಗ ಸ್ಪೇನಿನ ಉತ್ತರಕ್ಕೆ, ಎಬ್ರೊ ನದಿಯ ದಂಡೆಯ ರಿಯೋಹಾಕ್ಕೆ ಬರೋಣ. ಬರೋಲೊದಲ್ಲಿ ತಂದೆ ಮಗನನ್ನು ಬೇರೆ ಮಾಡಿದ ಅದೇ 225 ಲೀಟರಿನ ಪೀಪಾಯಿ ಇಲ್ಲಿ ಸಂಪ್ರದಾಯದ ಗುರುತು! ರಿಯೋಹಾದ ಹಳ್ಳಿಗಳಲ್ಲಿ ಹಿಂದೆ ಕಲ್ಲಿನ ತೆರೆದ ತೊಟ್ಟಿಗಳಿಗೆ ಇಡೀ ಗೊಂಚಲುಗಳನ್ನು ಸುರಿಯುತ್ತಿದ್ದರು. ಹುದುಗು ಹಣ್ಣಿನ ಒಳಗೇ ಆರಂಭವಾಗಿ, ರಸವತ್ತಾದ, ಆಯಾ ವರ್ಷವೇ ಕುಡಿದು ಮುಗಿಸಬೇಕಾದ ವೈನ್ ಸಿದ್ಧವಾಗುತ್ತಿತ್ತು. 19ನೇ ಶತಮಾನದ ಮಧ್ಯಭಾಗದಲ್ಲಿ ಮುರಿಯೇತಾ ಮತ್ತು ರಿಸ್ಕಾಲ್ ಎಂಬ ಮನೆತನಗಳು ಫ್ರಾನ್ಸಿನ ಬೋರ್ಡೋ ಪದ್ಧತಿಯನ್ನು, ಅದರೊಂದಿಗೆ ಸಣ್ಣ ಪೀಪಾಯಿಯನ್ನೂ ಇಲ್ಲಿಗೆ ತಂದವು. ಬಳಿಕ ಫಿಲಾಕ್ಸೆರಾ ಎಂಬ ಬೇರುಕೀಟ ಫ್ರಾನ್ಸಿನ ತೋಟಗಳನ್ನು ತಿಂದುಹಾಕಿದಾಗ ಅಲ್ಲಿನ ವ್ಯಾಪಾರಿಗಳು ವೈನ್ ಹುಡುಕಿಕೊಂಡು ಬಂದದ್ದು ರೈಲು ಸಂಪರ್ಕವಿದ್ದ ಆರೋ ಎಂಬ ಊರಿಗೆ. ದೊಡ್ಡ ವೈನ್ ಮನೆಗಳು ಇಂದಿಗೂ ಅಲ್ಲಿನ ರೈಲು ನಿಲ್ದಾಣದ ಸುತ್ತಲೇ ಇವೆ.

ಪದ್ಧತಿ ಬೋರ್ಡೋದ್ದಾದರೂ ರಿಯೋಹಾದವರು ಹೆಚ್ಚಾಗಿ ಬಳಸಿದ್ದು ಅಮೆರಿಕದ ಓಕ್ ಮರವನ್ನು. ಅದು ಒಣ ಕೊಬ್ಬರಿ ಮತ್ತು ವೆನಿಲ್ಲಾದ ಪರಿಮಳವನ್ನು ಧಾರಾಳವಾಗಿ ಬಿಡುವ ಮರ. ತೆಂಪ್ರನಿಯೊ ಎಂಬ ತಳಿಯ ವೈನನ್ನು ಇಂಥ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಟ್ಟು, ಆಗಾಗ ಒಂದರಿಂದ ಇನ್ನೊಂದಕ್ಕೆ ಬಗ್ಗಿಸಿ, ಗಷ್ಟನ್ನು ಹಿಂದೆ ಬಿಟ್ಟು ತಿಳಿ ಮಾಡುತ್ತಿದ್ದರು. ಅಂಥ ವೈನಿನ ಕೆಂಪು ಮಾಸಿರುತ್ತದೆ, ಚರ್ಮ, ತಂಬಾಕು ಮತ್ತು ಒಣಹಣ್ಣಿನ ವಾಸನೆ ಬರುತ್ತದೆ, ಬಾಯಿಯಲ್ಲಿ ಭಾರವೆನ್ನಿಸುವುದಿಲ್ಲ. 1877ರಲ್ಲಿ ಸ್ಥಾಪನೆಯಾದ ಲೋಪೆಸ್ ದೆ ಎರೆದಿಯಾ ಸಂಸ್ಥೆ ಇಂದಿಗೂ ತನ್ನ ಪೀಪಾಯಿಗಳನ್ನು ತಾನೇ ಕಟ್ಟಿಕೊಳ್ಳುತ್ತದೆ. ಬೇರೆಯವರು ಮರುವರ್ಷವೇ ಮಾರಿಬಿಡುವ ಬಿಳಿ ವೈನನ್ನು ಸಹ ಹಲವು ವರ್ಷ ಮಾಗಿಸಿಯೇ ಹೊರಬಿಡುತ್ತದೆ.

ಲೇಬಲಿನ ದರ್ಜೆಗಳೂ ಇಲ್ಲಿ ಕಾಲವನ್ನೇ ಅಳೆಯುತ್ತವೆ. ಕೆಂಪು ವೈನಿನಲ್ಲಿ ಕ್ರಿಯಾನ್ಸಾ ಎಂದರೆ ಎರಡು ವರ್ಷ, ರೆಸೆರ್ವಾ ಎಂದರೆ ಮೂರು, ಗ್ರಾನ್ ರೆಸೆರ್ವಾ ಎಂದರೆ ಐದು ವರ್ಷ ಮಾಗಿದ್ದು. ಮೊದಲ ಎರಡಕ್ಕೆ ಕನಿಷ್ಠ ಒಂದು ವರ್ಷ, ಮೂರನೆಯದಕ್ಕೆ ಕನಿಷ್ಠ ಎರಡು ವರ್ಷ ಪೀಪಾಯಿಯ ವಾಸ. ಆಧುನಿಕರ ಆಕ್ಷೇಪ ಇದ್ದದ್ದು ಇಲ್ಲಿಯೇ. ಎಷ್ಟು ಕಾಲ ಇಟ್ಟಿರಿ ಎಂಬುದನ್ನು ಹೇಳುವ ಲೇಬಲ್ ಎಲ್ಲಿ ಬೆಳೆದಿರಿ ಎಂಬುದನ್ನು ಏಕೆ ಹೇಳುವುದಿಲ್ಲ ಎಂದು ಅವರು ಕೇಳಿದರು. ಅವರು ಫ್ರೆಂಚ್ ಓಕ್ ಆರಿಸಿಕೊಂಡರು, ಪೀಪಾಯಿಯ ಅವಧಿಯನ್ನು ಮೊಟಕುಗೊಳಿಸಿದರು, ಹೆಚ್ಚು ಮಾಗಿದ ಹಣ್ಣಿನಿಂದ ಗಾಢವಾದ ವೈನ್ ತಯಾರಿಸಿದರು. ಕೆಲವರು ಈ ದರ್ಜೆಗಳನ್ನೇ ಕೈಬಿಟ್ಟರು. ಕೊನೆಗೆ 2017ರಲ್ಲಿ ಒಂದೇ ತೋಟದ ವೈನಿಗೆ ಪ್ರತ್ಯೇಕ ಮನ್ನಣೆ ಬಂತು. ಅದಕ್ಕೆ ಬಳ್ಳಿಗಳಿಗೆ ಕನಿಷ್ಠ 35 ವರ್ಷ ಆಗಿರಬೇಕು. ಈ ಬೇಡಿಕೆ ನ್ಯಾಯವಾದದ್ದೇ. ಆದರೂ ನಿಧಾನವಾಗಿ ಮಾಗಿದ ಹಳೆಯ ರಿಯೋಹಾಕ್ಕೆ ಸಾಟಿಯಾದದ್ದು ಬೇರೆಲ್ಲೂ ತಯಾರಾಗುವುದಿಲ್ಲ; ಗಾಢವಾದ ಹೊಸ ರಿಯೋಹಾವನ್ನು ಹೋಲುವ ವೈನುಗಳು ಎಷ್ಟೋ ದೇಶಗಳಲ್ಲಿ ಸಿಗುತ್ತವೆ.

ಆ ಹೋಲಿಕೆಗೆ ಕಾರಣವೂ ಇದೆ. 20ನೇ ಶತಮಾನದ ಉತ್ತರಾರ್ಧದಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಎಮಿಲ್ ಪೇನೋ ಅವರು ಚೆನ್ನಾಗಿ ಮಾಗಿದ ಹಣ್ಣು, ಶುಚಿಯಾದ ನೆಲಮಾಳಿಗೆ ಮತ್ತು ಹತೋಟಿಯಲ್ಲಿರುವ ಉಷ್ಣತೆಗಾಗಿ ಪಟ್ಟುಹಿಡಿದರು. ಅಲ್ಲಿನ ಪ್ರಸಿದ್ಧ ವೈನ್ ಮನೆ ಶಾತೋ ಲಾತೂರ್ 1964ರಲ್ಲಿಯೇ ಸ್ಟೀಲ್ ಟ್ಯಾಂಕ್ ಅಳವಡಿಸಿತು. 1976ರಲ್ಲಿ ಪ್ಯಾರಿಸ್‌ನಲ್ಲಿ ಹೆಸರು ಮರೆಮಾಡಿ ನಡೆಸಿದ ರುಚಿಪರೀಕ್ಷೆಯಲ್ಲಿ ಕ್ಯಾಲಿಫೋರ್ನಿಯದ ವೈನುಗಳು ಫ್ರೆಂಚ್ ತೀರ್ಪುಗಾರರಿಂದಲೇ ಮೊದಲ ಸ್ಥಾನ ಪಡೆದವು. ಬಳಿಕ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಅವರ 100 ಅಂಕಗಳ ಪದ್ಧತಿ ಮಾರುಕಟ್ಟೆಯನ್ನು ಆಳತೊಡಗಿದಾಗ, ಅಂಕ ಗಿಟ್ಟಿಸುವ ಗಾಢ ಶೈಲಿಯತ್ತ ಹಲವು ದೇಶಗಳ ತಯಾರಕರು ವಾಲಿದರು.

ಆಸ್ಟ್ರೇಲಿಯದ ಕಥೆ ಇನ್ನೊಂದು ಬಗೆಯದು. ಅಲ್ಲಿ ಬಹುಕಾಲ ಹೆಚ್ಚಾಗಿ ತಯಾರಾಗುತ್ತಿದ್ದುದು ಮದ್ಯಸಾರ ಬೆರೆಸಿದ ಸಿಹಿ ವೈನ್. ಪೆನ್‌ಫೋಲ್ಡ್ಸ್ ಸಂಸ್ಥೆಯ ಮ್ಯಾಕ್ಸ್ ಶೂಬರ್ಟ್ ಯೂರೋಪ್ ನೋಡಿ ಬಂದು, ಬೋರ್ಡೋ ವೈನಿನಂತೆ ದೀರ್ಘಕಾಲ ಬಾಳುವ ಕೆಂಪು ವೈನನ್ನು ಶಿರಾಜ್ ತಳಿಯಿಂದ, ಅಮೆರಿಕದ ಓಕ್‌ನಲ್ಲಿ ತಯಾರಿಸಲು 1951ರಲ್ಲಿ ಪ್ರಯೋಗ ಆರಂಭಿಸಿದರು. ಆಡಳಿತ ಮಂಡಳಿಗೆ ಅದು ಹಿಡಿಸದೆ 1957ರಲ್ಲಿ ನಿಲ್ಲಿಸಲು ಆಜ್ಞೆಯಾಯಿತು. ಶೂಬರ್ಟ್ ಗುಟ್ಟಾಗಿ ಮುಂದುವರಿಸಿದರು. ಆ ಗ್ರೇಂಜ್ ವೈನನ್ನೇ ಇಂದು ಆಸ್ಟ್ರೇಲಿಯದ ಸಂಪ್ರದಾಯದ ಶಿಖರ ಎನ್ನುತ್ತಾರೆ. ಬೇರುಕೀಟ ದಕ್ಷಿಣ ಆಸ್ಟ್ರೇಲಿಯವನ್ನು ಮುಟ್ಟದಿದ್ದುದರಿಂದ, 1840ರ ದಶಕದಲ್ಲಿ ನೆಟ್ಟ, ಕಸಿ ಮಾಡದ ಬಳ್ಳಿಗಳು ಬರೋಸಾ ಕಣಿವೆಯಲ್ಲಿ ಇಂದಿಗೂ ಹಣ್ಣು ಬಿಡುತ್ತಿವೆ. ಯೂರೋಪಿನ ಬಹುತೇಕ ತೋಟಗಳು ಅವುಗಳ ಮುಂದೆ ಎಳೆಯವು. ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ ವಾಣಿಜ್ಯ ತೋಟಗಳು ವಿಸ್ತಾರವಾಗಿ ಬೆಳೆಯತೊಡಗಿದ್ದು 1973ರಿಂದೀಚೆಗೆ. ತಂಪಾದ ಸ್ಟೀಲ್ ಟ್ಯಾಂಕಿನಲ್ಲಿ ಹುದುಗಿಸಿ, ತಿರುಪು ಮುಚ್ಚಳ ಹಾಕಿ, ಹಸಿಹುಲ್ಲಿನ ಘಮವನ್ನು ಹಾಗೆಯೇ ಉಳಿಸುವ ಸೊವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನ್ ಅಲ್ಲಿನ ಪರಂಪರೆಯೂ ಹೌದು, ಆಧುನಿಕತೆಯೂ ಹೌದು.

ಎಲ್ಲಕ್ಕಿಂತ ಹಳೆಯ ಪದ್ಧತಿ ಜಾರ್ಜಿಯ ದೇಶದ್ದು. ಅಲ್ಲಿ ದೊರೆತ, ಸುಮಾರು 8000 ವರ್ಷ ಹಿಂದಿನ ಮಡಕೆಯ ಚೂರುಗಳಲ್ಲಿ ವೈನಿನ ಅಂಶಗಳು ಪತ್ತೆಯಾಗಿವೆ. ಮೊಟ್ಟೆಯಾಕಾರದ, ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ಹಂಡೆಯ ಒಳಮೈಗೆ ಜೇನುಮೇಣ ಸವರಿ, ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ಪೂರ್ವದ ಕಖೇತಿ ಪ್ರಾಂತದಲ್ಲಿ ಬಿಳಿ ದ್ರಾಕ್ಷಿಯ ರಸವನ್ನೂ ಸಿಪ್ಪೆ, ಬೀಜ ಮತ್ತು ತೊಟ್ಟುಗಳ ಸಮೇತ ಅದರೊಳಗೆ ತುಂಬಿ, ಹುದುಗು ಮುಗಿದ ಮೇಲೆ ಬಾಯಿ ಮುಚ್ಚಿ ಐದಾರು ತಿಂಗಳು ಬಿಡುತ್ತಾರೆ. ಬೀಜಗಳು ಮೊನಚಾದ ತಳಕ್ಕೆ ಜಾರಿ, ಅವುಗಳ ಮೇಲೆ ಯೀಸ್ಟಿನ ಗಷ್ಟು ಕೂರುವುದರಿಂದ ಕಹಿ ಮೇಲಕ್ಕೆ ಏರುವುದಿಲ್ಲ. ಹೊರಬರುವ ವೈನ್ ಅಂಬರಿನ ಬಣ್ಣದ್ದು. ಬಿಳಿ ದ್ರಾಕ್ಷಿಯದಾದರೂ ಒಗರು ಕೆಂಪು ವೈನಿನದು. ಸೋವಿಯತ್ ಕಾಲದ ಕಾರ್ಖಾನೆಗಳ ನಡುವೆಯೂ ಮನೆಗಳಲ್ಲಿ ಉಳಿದುಬಂದ ಈ ಕ್ರಮಕ್ಕೆ 2013ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು.

ಇಟಲಿಯ ಈಶಾನ್ಯ ಗಡಿಯ ಯೋಶ್ಕೊ ಗ್ರಾವ್ನರ್ ಅವರು ಮೊದಲು ಸ್ಟೀಲ್ ಟ್ಯಾಂಕ್, ಬಳಿಕ ಸಣ್ಣ ಪೀಪಾಯಿ ಎಂದು ಆಧುನಿಕತೆಯ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ, 2000ದಲ್ಲಿ ಜಾರ್ಜಿಯಕ್ಕೆ ಹೋಗಿ ಬಂದ ಮೇಲೆ ಮಣ್ಣಿನ ಹಂಡೆಗಳನ್ನೇ ತರಿಸಿ ಹೂಳಿಸಿದರು. ಇಂದು ಹಲವು ದೇಶಗಳ ಹೊಸ ತಲೆಮಾರಿನ ತಯಾರಕರು ಅತಿ ನವೀನವೆಂದು ಪ್ರದರ್ಶಿಸುವ ವೈನ್ ಈ ಅತಿ ಪ್ರಾಚೀನ ಪದ್ಧತಿಯದೇ.

ಬರೋಲೊದಲ್ಲಿಯೂ ಜಗಳ ತಣ್ಣಗಾಗಿದೆ. ಹೊಸಬರಲ್ಲಿ ಅನೇಕರು ದೊಡ್ಡ ಪೀಪಾಯಿಗೆ ಮರಳಿದ್ದಾರೆ, ಹಳಬರು ಉಷ್ಣತೆಯ ಹತೋಟಿಯನ್ನು ಒಪ್ಪಿಕೊಂಡಿದ್ದಾರೆ. ಬಿಸಿಯೇರುತ್ತಿರುವ ಹವಾಮಾನದಲ್ಲಿ ನೆಬಿಯೋಲೊ ಹಿಂದಿಗಿಂತ ಬೇಗ ಮಾಗಿ, ಮದ್ಯಸಾರದ ಪ್ರಮಾಣ ಶೇಕಡಾ 14ನ್ನು ದಾಟುವುದು ಎರಡೂ ಪಂಥಗಳಲ್ಲಿ ಸಾಮಾನ್ಯವಾಗಿದೆ. ಹೀಗಿದ್ದರೂ ವ್ಯತ್ಯಾಸವನ್ನು ಸ್ವತಃ ತಿಳಿಯಬಯಸುವವರು ಒಂದೇ ಪ್ರದೇಶದ, ಒಂದೇ ವರ್ಷದ, ಎರಡು ಪಂಥಗಳ ವೈನುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದೇ ಸರಿಯಾದ ದಾರಿ. ಹಳೆಯ ಶೈಲಿಯದನ್ನು ಕೆಲವು ಗಂಟೆ ಮೊದಲೇ ತೆರೆದಿಡಿ. ಎರಡನ್ನೂ ಒಂದೇ ಆಕಾರದ ಲೋಟಕ್ಕೆ ಬಗ್ಗಿಸಿ ಮೊದಲು ಅಂಚಿನ ಬಣ್ಣ ನೋಡಿ, ಆಮೇಲೆ ಮೂಸಿ. ಮರದ ವಾಸನೆ ಹಣ್ಣಿನ ವಾಸನೆಗಿಂತ ಮೊದಲು ಬಂದರೆ ಹೊಸ ಪೀಪಾಯಿಯ ಕೈವಾಡ ಎಂದು ಊಹಿಸಬಹುದು. ನಮಸ್ಕಾರ.